ಕೇಳಿದವರೇ ಮೊದಲು ಓದಬೇಕು

"ನೀವು ಯಂತ್ರವಲ್ಲ ಎಂದು ಖಚಿತಪಡಿಸಿ" ಎಂದು ಪರದೆ ಕೇಳಿದ್ದೇ ಕಾರ್ಡಮ್ಮ ಕನ್ನಡಕ ಸರಿಮಾಡಿಕೊಂಡು ಕುರ್ಚಿಯ ತುದಿಗೆ ಬಂದಳು. ಒಂಬತ್ತು ಪುಟ್ಟ ಚಿತ್ರಗಳು. ಸೈಕಲ್ ಇರುವುದನ್ನೆಲ್ಲ ಒತ್ತಬೇಕಂತೆ. ಎಂಟನ್ನು ನೋಡಿ ಮುಗಿಸಿದಳು. ಒಂಬತ್ತನೆಯದರಲ್ಲಿ ಗೋಡೆಯ ಮರೆಯಿಂದ ಅರ್ಧ ಚಕ್ರ ಮಾತ್ರ ಇಣುಕುತ್ತಿತ್ತು. ಅದನ್ನು ಸೈಕಲ್ ಅನ್ನಬೇಕೋ ಬೇಡವೋ?

"ಅರ್ಧ ಚಕ್ರಕ್ಕೆ ಇಷ್ಟೊಂದು ಯೋಚನೆ ಮಾಡಿದ್ರೆ ಅದಕ್ಕೇ ಅನುಮಾನ ಬರುತ್ತೆ, ಕಾರ್ಡಮ್ಮ," ಎಂದ ಪಕ್ಕದ ಮೇಜಿನ ಸೀಲಣ್ಣ. "ಮನುಷ್ಯರು ಯಾರೂ ಅಷ್ಟು ನಿಯತ್ತಾಗಿ ನೋಡಲ್ಲ."

"ನೀವು ಸೀಲ್ ಹೊಡೀರಿ. ನಾನು ಮನುಷ್ಯಳೋ ಅಲ್ವೋ ಅಂತ ನಾನು ನೋಡ್ಕೋತೀನಿ."

ಆ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಪುಸ್ತಕಗಳ ಪಟ್ಟಿಯ ಕಾರ್ಡು ಬರೆದವಳು ಕಾರ್ಡಮ್ಮ, ಮೂವತ್ತು ವರ್ಷ ತಾರೀಕಿನ ಸೀಲು ಹೊಡೆದವನು ಸೀಲಣ್ಣ. ಇಬ್ಬರ ನಿಜವಾದ ಹೆಸರು ಸಂಬಳದ ಹಾಳೆಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಲ್ಲಿರಲಿಲ್ಲ. ಕಾರ್ಡಿನ ಡ್ರಾಯರುಗಳೆಲ್ಲ ಈಗ ಖಾಲಿ. ಒಂದರಲ್ಲಿ ಸೀಲಣ್ಣ ಊಟದ ಡಬ್ಬಿ ಇಡುತ್ತಿದ್ದ.

ಕಂಪ್ಯೂಟರಿನ ಮುಂದೆ ಇವರನ್ನು ಕೂರಿಸಿದ್ದು ಹೊಸದಾಗಿ ಬಂದ ಮುಖ್ಯಸ್ಥೆ. ಎಲ್ಲರೂ ಅವಳನ್ನು ಮೇಡಂ ಅನ್ನುತ್ತಿದ್ದರು. ವಯಸ್ಸಿನಲ್ಲಿ ಕಾರ್ಡಮ್ಮನಿಗಿಂತ ಹದಿನೈದು ವರ್ಷ ಚಿಕ್ಕವಳು. ಪ್ರತಿ ಮಂಗಳವಾರ ಮೂರರಿಂದ ನಾಲ್ಕು ಗಂಟೆಯವರೆಗೆ ಒಬ್ಬೊಬ್ಬರೂ ಒಂದು ಜಾಲತಾಣ ಸುತ್ತಿ ಬರಬೇಕು, ತಮಗೇನನ್ನಿಸಿತೋ ಅದನ್ನು ನೋಟುಪುಸ್ತಕದಲ್ಲಿ ಬರೆಯಬೇಕು. "ಹೆದರ್ಕೋಬೇಡಿ. ತಪ್ಪು ಒತ್ತಿದ್ರೆ ಏನೂ ಸುಟ್ಟು ಹೋಗಲ್ಲ," ಎಂದಿದ್ದಳು ಮೇಡಂ. ಸೀಲಣ್ಣ ಎಲ್ಲ ವಾರವೂ ಒಂದೇ ಸಾಲು ಬರೆದ: ನೋಡಿದೆ, ಚೆನ್ನಾಗಿದೆ. ಕಾರ್ಡಮ್ಮನಿಗೆ ಮಾತ್ರ ಒಂದು ಪುಟ ಸಾಲುತ್ತಿರಲಿಲ್ಲ.

ಮೊದಲ ವಾರ ನಕಾಶೆಯ ತಾಣ. ಅವಳು ಬರೆದಳು: "ನಮ್ಮ ಗ್ರಂಥಾಲಯವನ್ನೇ ಹುಡುಕಿದೆ. ನಕಾಶೆಯ ಪ್ರಕಾರ ಅದು ಟೈರ್ ಅಂಗಡಿಯ ಹಿತ್ತಿಲಿನಲ್ಲಿದೆ. ಟೈರ್ ಅಂಗಡಿಗೆ ನಾಲ್ಕೂವರೆ ನಕ್ಷತ್ರ, ನಮಗೆ ಮೂರು. ಒಬ್ಬರು 'ತೀರಾ ನಿಶ್ಶಬ್ದ' ಎಂದು ದೂರಿದ್ದಾರೆ." ಎರಡನೆಯ ವಾರ ಫೋಟೋಗಳ ತಾಣ: "ಜನ ಬೆಕ್ಕು, ಚಪ್ಪಲಿ, ಮೋಡ ಎಲ್ಲವನ್ನೂ ತೋರಿಸುತ್ತಾರೆ. ಆದರೆ ಮೋಡಗಳನ್ನು ಯಾರೂ ಸರಿಯಾಗಿ ವಿಂಗಡಿಸಿಲ್ಲ. ನನಗೆ ಕೊಟ್ಟರೆ ಒಂದು ತಿಂಗಳಲ್ಲಿ ಮುಗಿಸುತ್ತೇನೆ." ಇದನ್ನು ಓದಿ ಮೇಡಂ ಅಂಚಿನಲ್ಲಿ ಕೆಂಪು ಶಾಯಿಯ ನಗುಮುಖ ಬಿಡಿಸಿದ್ದಳು.

ಬರೆಯದೇ ಬಿಟ್ಟದ್ದೂ ಒಂದಿತ್ತು. ಯಾವ ತಾಣಕ್ಕೆ ಹೋದರೂ ಪರದೆಯ ನೆತ್ತಿಯ ಮೇಲೆ ಹುಡುಕುವ ಒಂದು ಬಿಳಿ ಖಾಲಿ ಗೂಡು ಇರುತ್ತಿತ್ತು, ಏನು ಬೇಕು ಹೇಳು ಎಂದು ಕಾಯುವಂತೆ. ಅದನ್ನು ಕಂಡರೆ ಕಾರ್ಡಮ್ಮನ ಬೆರಳು ತಾನಾಗಿ ಅಕ್ಕನ ಹೆಸರು ಒತ್ತುತ್ತಿತ್ತು. ಆ ಹೆಸರಿನವರು ನೂರಾರು ಮಂದಿ ಬರುತ್ತಿದ್ದರು. ಹಲ್ಲಿನ ಡಾಕ್ಟರೊಬ್ಬಳು, ಈಜಿನ ಪದಕ ಕಚ್ಚಿಕೊಂಡು ನಿಂತ ಹುಡುಗಿ, ಕುರಿಮರಿ ಎತ್ತಿಕೊಂಡ ಮುದುಕಿ. ಒಬ್ಬೊಬ್ಬರ ಮುಖವನ್ನೂ ಹಿಗ್ಗಿಸಿ, ಹುಬ್ಬಿನ ಪಕ್ಕ ಮಚ್ಚೆ ಇದೆಯೋ ಎಂದು ನೋಡಿ, ಗೂಡನ್ನು ಮತ್ತೆ ಖಾಲಿ ಮಾಡಿ, ಅವಳು ನಿಟ್ಟುಸಿರು ಬಿಡುತ್ತಿದ್ದಳು.

ಅಕ್ಕ ಮನೆ ಬಿಟ್ಟು ಹದಿನೆಂಟು ವರ್ಷ. ತಾನು ಮೆಚ್ಚಿದವನ ಜೊತೆ ಹೋದಳು. ಅವಳ ಹೆಸರು ಈ ಮನೆಯಲ್ಲಿ ಕೇಳಿಸಕೂಡದು ಎಂದು ಅಮ್ಮ ಅಂದಳು. ಅದಾಗಿ ಒಂದು ತಿಂಗಳಿಗೆ ಮನೆಯ ಫೋನು ಹೊಡೆದುಕೊಂಡಿತು. ಎತ್ತಿದವಳು ತಂಗಿ ಕಾರ್ಡಮ್ಮ. "ಬಾಲ, ನಾನು ಕಣೇ," ಎಂದಿತು ಆ ಕಡೆಯ ದನಿ. ಚಿಕ್ಕಂದಿನಿಂದ ಅಕ್ಕನ ಹಿಂದೆಯೇ ಅಲೆದದ್ದಕ್ಕೆ ಅಕ್ಕ ಇಟ್ಟ ಹೆಸರು, ಬಾಲ. ಅಮ್ಮ ಎರಡು ಮಾರು ದೂರದಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದಳು. ತಟ್ಟೆಯ ಮೇಲೆ ಅವಳ ಬೆರಳು ನಿಂತಿತು. ತಂಗಿ, "ರಾಂಗ್ ನಂಬರ್," ಎಂದು ಫೋನಿಟ್ಟಳು.

ಆಮೇಲೆ ಆ ಫೋನು ಎಷ್ಟೋ ಸಲ ಹೊಡೆದುಕೊಂಡಿತು. ಅಕ್ಕನದು ಮಾತ್ರ ಬರಲಿಲ್ಲ. ಎರಡು ವರ್ಷದ ಹಿಂದೆ ಅಮ್ಮ ತೀರಿಕೊಂಡಾಗ ತಿಳಿಸಲು ಕಾರ್ಡಮ್ಮನ ಹತ್ತಿರ ಒಂದು ವಿಳಾಸವೂ ಇರಲಿಲ್ಲ.

ನಾಲ್ಕನೆಯ ಮಂಗಳವಾರ ಮೇಡಂ ಕೈ ಉಜ್ಜಿಕೊಳ್ಳುತ್ತಾ ಬಂದಳು. "ಇವತ್ತು ಮಜಾ ಇದೆ. ಎಲ್ಲಾ ಊರಿನ ಗ್ರಂಥಾಲಯಗಳೂ ಸೇರಿ ಮಾಡಿರೋ ಪಟ್ಟಿ. ನಮ್ಮಲ್ಲಿಲ್ಲದ ಪುಸ್ತಕ ಎಲ್ಲಿದೆ ಅಂತ ತೋರಿಸುತ್ತೆ. ಒಂದು ಬಟನ್ ಒತ್ತಿದ್ರೆ ಪಾರ್ಸಲ್ ಬರುತ್ತೆ."

ಕಾರ್ಡಮ್ಮ ಎದ್ದುಹೋಗಿ ಬೀರುವಿನ ತಳದಿಂದ ಬಿಸ್ಕತ್ತಿನ ತಗಡಿನ ಡಬ್ಬಿ ತಂದಳು. ಅದು ಬಾಕಿ ಡಬ್ಬಿ. ಓದುಗರು ಕೇಳಿ, ಸಿಗದೇ ಹೋದ ಪುಸ್ತಕಗಳ ಚೀಟಿಗಳು ಅದರಲ್ಲಿದ್ದವು. ಪುಸ್ತಕ ಬರುವವರೆಗೆ, ಇಲ್ಲವೇ ಕೇಳಿದವರೇ ಬೇಡ ಅನ್ನುವವರೆಗೆ ಚೀಟಿ ಎಸೆಯಕೂಡದು ಎನ್ನುವುದು ಈ ಗ್ರಂಥಾಲಯ ಶುರುವಾದಾಗಿನ ಕಟ್ಟಳೆ. ಕೇಳಿದವರಲ್ಲಿ ಕೆಲವರು ಊರು ಬಿಟ್ಟಿದ್ದರು, ಕೆಲವರು ಲೋಕವನ್ನೇ ಬಿಟ್ಟಿದ್ದರು.

"ಅದರಲ್ಲಿ ಅರ್ಧ ಜನ ಮೇಲೆ ಹೋಗಿದಾರೆ ಕಾರ್ಡಮ್ಮ. ಪಾರ್ಸಲ್ ಎಲ್ಲಿಗೆ ಕಳಿಸ್ತೀರಿ?" ಎಂದ ಸೀಲಣ್ಣ.

"ಅವರು ರದ್ದು ಮಾಡಿಲ್ವಲ್ಲ."

ಮೇಲಿನ ಚೀಟಿಗಳನ್ನು ಬಿಟ್ಟು ಅವಳು ತಳಕ್ಕೇ ಕೈ ಹಾಕಿದಳು. ಎಲ್ಲಿದೆ ಎಂದು ಬೆರಳಿಗೆ ಗೊತ್ತಿತ್ತು. ಹಳದಿ ತಿರುಗಿದ ಚೀಟಿ, ನೀಲಿ ಶಾಯಿ, ಸಾಲು ಮೇಲಕ್ಕೇರುವ ಅಕ್ಷರ. ಪುಸ್ತಕ: ಕೀಲಿ ಕಳೆದುಕೊಂಡ ಊರು. ಕೇಳಿದವರು: ಅಕ್ಕನ ಹೆಸರು. ವಯಸ್ಸು: ಹದಿನಾಲ್ಕು. ಕಾರಣ ಎನ್ನುವ ಕಡೆ ಅಕ್ಕ ಬರೆದಿದ್ದಳು: "ಕೊನೆ ಎಂಟು ಪುಟ ಇಲ್ಲ. ತಂಗಿ ಪ್ರಾಣ ತಿನ್ನುತ್ತಾಳೆ."

ಅಪ್ಪ ಹಳೆಯ ಪುಸ್ತಕದ ಗಾಡಿಯಿಂದ ತಂದಿದ್ದ ಮಕ್ಕಳ ಕಥೆ ಅದು. ಒಂದು ಊರಿನ ಬೀಗಗಳೆಲ್ಲ ಒಂದೇ ಬೆಳಿಗ್ಗೆ ತಮ್ಮ ಕೀಲಿಗಳನ್ನು ಮರೆತುಬಿಡುತ್ತವೆ. ಒಬ್ಬಳು ಹುಡುಗಿ ಮನೆಮನೆಯ ಬಾಗಿಲು ತಟ್ಟುತ್ತಾ ಹೊರಡುತ್ತಾಳೆ. ತನ್ನ ಮನೆಯ ಬಾಗಿಲಿಗೆ ಬಂದು ಅವಳು ಕೈಯೆತ್ತುವಷ್ಟರಲ್ಲಿ ಪುಟಗಳು ಮುಗಿದು ಬರಿಯ ದಾರ ಉಳಿದಿತ್ತು. ಶಾಲೆಯ ದಾರಿಯುದ್ದಕ್ಕೂ ಅಕ್ಕ ದಿನಕ್ಕೊಂದು ಕೊನೆ ಕಟ್ಟಿ ಹೇಳುತ್ತಿದ್ದಳು. ತಂಗಿ ದಿನವೂ, "ಇದಲ್ಲ," ಅನ್ನುತ್ತಿದ್ದಳು. ಹಾಗಂದರೇ ತಾನೇ ನಾಳೆ ಇನ್ನೊಂದು ಸಿಗುವುದು?

ಬಿಳಿ ಗೂಡಿನಲ್ಲಿ ಕಾರ್ಡಮ್ಮ ಪುಸ್ತಕದ ಹೆಸರು ಒತ್ತಿದಳು. ಒಂದೇ ಒಂದು ಉತ್ತರ ಬಂತು. ಒಂದೂರು, ಒಂದು ಪ್ರತಿ, ಪುಟಗಳು ತೊಂಬತ್ತಾರು. ಅವರ ಮನೆಯದು ಎಂಬತ್ತೆಂಟಕ್ಕೆ ನಿಂತಿತ್ತು. ಅವಳು ತರಿಸುವ ಬಟನ್ ಒತ್ತಿ, ಕೈಯನ್ನು ಸುಟ್ಟುಕೊಂಡವಳಂತೆ ಮಡಿಲಿಗೆ ಎಳೆದುಕೊಂಡಳು.

ಐದನೆಯ ವಾರ ಓದುಗರ ತಾಣ. ಓದಿದ ಪುಸ್ತಕದ ಬಗ್ಗೆ ಜನ ಅಲ್ಲಿ ಎರಡು ಮಾತು ಬರೆಯುತ್ತಾರೆ. ಕಾರ್ಡಮ್ಮ ಆ ವಾರದ ಟಿಪ್ಪಣಿ ಶುರುಮಾಡಿದಳು: "ಇಲ್ಲಿ ಎಲ್ಲರೂ ಮಾತಾಡುತ್ತಾರೆ, ಯಾರದ್ದೂ ಸದ್ದಿಲ್ಲ. ನಮ್ಮ ಗ್ರಂಥಾಲಯಕ್ಕೆ ಹೇಳಿ ಮಾಡಿಸಿದ..." ವಾಕ್ಯ ಅಲ್ಲಿಗೇ ನಿಂತಿತು. ಕೀಲಿ ಕಳೆದುಕೊಂಡ ಊರು ಎನ್ನುವ ಹೆಸರಿನ ಕೆಳಗೆ ಒಂದೇ ಒಂದು ಅಭಿಪ್ರಾಯವಿತ್ತು. ನಾಲ್ಕು ವರ್ಷದ ಹಿಂದಿನದು.

"ಕೊನೆ ಎಂಟು ಪುಟ ಯಾರಿಗಾದ್ರೂ ಸಿಕ್ಕಿದ್ರೆ ದಯವಿಟ್ಟು ಇಲ್ಲಿ ಹೇಳಬೇಡಿ. ಶಾಲೆಗೆ ಹೋಗೋ ದಾರೀಲಿ ನನ್ನ ತಂಗಿಗೆ ನಾನು ನೂರು ಕೊನೆ ಹೇಳಿದೀನಿ. ಒಂದನ್ನೂ ಅವಳು ಒಪ್ಪಲಿಲ್ಲ. ಈಗಲೂ ಸಾಸಿವೆ ಸಿಡಿಯೋವಾಗ, ಬಸ್ಸಿಗೆ ನಿಂತಾಗ ಇನ್ನೊಂದು ಹೊಳೆಯುತ್ತೆ. ಕೇಳೋಕೆ ಅವಳಿಲ್ಲ."

ಬರೆದವರ ಹೆಸರಿನ ಜಾಗದಲ್ಲಿ "ಬಾಲದಕ್ಕ" ಎಂದಿತ್ತು. ಮುಖದ ಜಾಗದಲ್ಲಿ ಬೂದು ಬಣ್ಣದ ಒಂದು ವೃತ್ತ.

"ಏನಾಯ್ತು, ಕರೆಂಟ್ ಹೋಯ್ತಾ?" ಎಂದ ಸೀಲಣ್ಣ. ಅವಳು ಪರದೆಯತ್ತ ಬೆರಳು ತೋರಿದಳು. ಅವನು ಇಣುಕಿ ಓದಿದ, ತುಟಿ ಅಲುಗಿಸುತ್ತಾ ಇನ್ನೊಮ್ಮೆ ಓದಿದ. ಅವಳಿಗೊಬ್ಬ ಅಕ್ಕನಿದ್ದಳು ಎಂದು ಅವನಿಗೆ ಗೊತ್ತಿತ್ತು. ಆ ಚೀಟಿ ತೆಗೆದುಕೊಂಡು ಡಬ್ಬಿಗೆ ಹಾಕಿದ್ದ ಹಿಂದಿನ ಗುಮಾಸ್ತ ಅದರ ಕಥೆ ಅವನಿಗೆ ಹೇಳಿದ್ದ. "ಕೆಳಗೆ ಉತ್ತರ ಅಂತ ಇದೆಯಲ್ಲ. ಒತ್ತಿ," ಎಂದ ಮೆಲ್ಲಗೆ.

"ಏನಂತ ಬರೀಲಿ?"

"ನನ್ನ ಕೇಳ್ತೀರಾ? ನಾನು ನೋಡಿದೆ, ಚೆನ್ನಾಗಿದೆ ಅನ್ನೋನು."

ನಾಲ್ಕು ಗಂಟೆಯವರೆಗೂ ಅವಳು ಬರೆದಳು, ಅಳಿಸಿದಳು. ಅಕ್ಕಾ, ನಾನು ಬಾಲ. ಅಳಿಸಿದಳು. ಅವತ್ತು ಅಮ್ಮ ಅಲ್ಲೇ ಕೂತಿದ್ದಳು ಕಣೇ. ಅದು ಸಬೂಬಿನಂತೆ ಕಂಡಿತು. ಅಮ್ಮ ಈಗ ಇಲ್ಲ. ಅಂಥ ಸುದ್ದಿಯನ್ನು ಮಕ್ಕಳ ಪುಸ್ತಕದ ಕೆಳಗೆ, ಊರೆಲ್ಲ ಓದುವ ಕಡೆ ಹೇಗೆ ಹಾಕುವುದು? ಅದೂ ಹೋಯಿತು. ಅಷ್ಟಕ್ಕೂ ಅಕ್ಕನಾದರೂ ಏಕೆ ನಂಬಬೇಕು? ದನಿ ಕೇಳಿಯೂ ರಾಂಗ್ ನಂಬರ್ ಅಂದವಳು ತಾನು. ಅಕ್ಕ ಈಗ ಅದೇ ಮಾತನ್ನು ಹಿಂತಿರುಗಿಸಿದರೆ ತಡೆದುಕೊಳ್ಳುವ ಎದೆ ಅವಳಿಗಿರಲಿಲ್ಲ.

ತರಿಸುವ ಬಟನ್ ಒತ್ತಿದ ಒಂಬತ್ತು ದಿನಕ್ಕೆ ಪಾರ್ಸಲ್ ಬಂತು. ಕಂದು ಕಾಗದ ಬಿಚ್ಚಿದರೆ ಅದೇ ಹಸಿರು ರಟ್ಟು, ಅದೇ ಬಾಗಿಲು, ಅದೇ ಹುಡುಗಿಯ ಬೆನ್ನು. ಕಾರ್ಡಮ್ಮ ಎಂಬತ್ತೆಂಟನೆಯ ಪುಟದವರೆಗೆ ತಿರುವಿದಳು. ಹುಡುಗಿ ಕೈಯೆತ್ತಿದ್ದಳು. ಎದುರಿನ ಪುಟದ ಅಕ್ಷರ ಕಣ್ಣಿಗೆ ಬೀಳುವ ಮೊದಲೇ ಅದರ ಮೇಲೆ ಅಂಗೈ ಮುಚ್ಚಿದಳು. ಅವಳು ಡ್ರಾಯರಿನಿಂದ ಬಿಳಿ ದಾರ ತೆಗೆದು, ಉಳಿದ ಹಾಳೆಗಳನ್ನು ಸುತ್ತಿ, ಸಡಿಲವಾಗಿ ಗಂಟು ಹಾಕಿದಳು.

"ಅಯ್ಯೋ, ಓದಲ್ವಾ? ಮೂವತ್ತನಾಲ್ಕು ವರ್ಷ ಆಯ್ತಲ್ಲ!" ಎಂದಳು ಪಾರ್ಸಲ್ ನೋಡಲು ಬಂದ ಮೇಡಂ.

"ಬಾಕಿ ಡಬ್ಬಿಯ ಪುಸ್ತಕಾನ ಕೇಳಿದವರೇ ಮೊದಲು ಓದಬೇಕು ಮೇಡಂ," ಎಂದ ಸೀಲಣ್ಣ, ಅವಳ ಪರವಾಗಿ. "ಆಮೇಲೇ ನಾವು. ನಮ್ಮಲ್ಲಿ ಹಾಗೇ."

ಅಂದು ಮಂಗಳವಾರವಾಗಿರಲಿಲ್ಲ. ಆದರೂ ಕಾರ್ಡಮ್ಮ ಕಂಪ್ಯೂಟರಿನ ಮುಂದೆ ಕೂತಳು. ಈ ಸಲ ಅಳಿಸಬೇಕಾಗಲಿಲ್ಲ. ಇಪ್ಪತ್ತು ವರ್ಷ ಓದುಗರಿಗೆ ಅಂಚೆ ಕಾರ್ಡಿನ ಮೇಲೆ ಬರೆದು ಬರೆದು ಬಾಯಿಪಾಠವಾದ ಮಾತೇ ಬೆರಳಿನಿಂದ ಇಳಿಯಿತು.

"ಪ್ರಿಯ ಓದುಗರೇ, ತಾವು ಕೇಳಿದ್ದ ಪುಸ್ತಕ ಬಂದಿದೆ. ತಮಗಾಗಿ ತೆಗೆದಿರಿಸಲಾಗಿದೆ. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಬಂದು ಪಡೆಯಬಹುದು. ತಡವಾದದ್ದಕ್ಕೆ ಕ್ಷಮಿಸಿ."

ಕೊನೆಯ ವಾಕ್ಯ ಅಂಚೆ ಕಾರ್ಡಿನಲ್ಲಿ ಇರುತ್ತಿರಲಿಲ್ಲ. ಸ್ವಲ್ಪ ಹೊತ್ತು ಅದನ್ನೇ ನೋಡಿ, ಕೆಳಗೆ ಇನ್ನೊಂದು ಸೇರಿಸಿದಳು: "ಎಂಟು ಪುಟ ಓದಿಲ್ಲ. ನೀವು ಹೇಳಿದ ಮೇಲೆ ನೋಡುತ್ತೇನೆ." ಒತ್ತಿದಳು.

ಬಾಗಿಲ ಪಕ್ಕ ಒಂದು ಗಿಡ್ಡ ಕಪಾಟಿದೆ. ಕಾದಿರಿಸಿದ ಪುಸ್ತಕ ಅಲ್ಲಿ ಏಳು ದಿನ ಇರುತ್ತದೆ. ಎಂಟನೆಯ ದಿನ ವಾಪಸು. ಕೀಲಿ ಕಳೆದುಕೊಂಡ ಊರು ಹಳದಿ ಚೀಟಿಯನ್ನು ಹೊಟ್ಟೆಗೆ ಸಿಕ್ಕಿಸಿಕೊಂಡು ಅಲ್ಲಿ ಕೂತಿತು. ಬಾಗಿಲು ಕಿರ್ ಎಂದಾಗಲೆಲ್ಲ ಕಾರ್ಡಮ್ಮ ತಲೆಯೆತ್ತಿದಳು. ಪೇಪರ್ ಓದುವ ನಿವೃತ್ತ ಮೇಷ್ಟ್ರು ಬಂದರು. ಕೊಡೆ ಮರೆತವಳು ಬಂದಳು. ನೀರಿನ ಕ್ಯಾನಿನವನು ಬಂದ. ಐದನೆಯ ದಿನ ಐವತ್ತರ ಹತ್ತಿರದ ಹೆಂಗಸೊಬ್ಬಳು ಕಪಾಟಿನ ಎದುರು ಬಹಳ ಹೊತ್ತು ನಿಂತಳು. ಕಾರ್ಡಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದೇಬಿಟ್ಟಳು. ಅವಳು ತಿರುಗಿ, "ಶೌಚಾಲಯ ಯಾವ ಕಡೆ?" ಎಂದು ಕೇಳಿದಳು.

ಏಳನೆಯ ದಿನ ಆರು ಗಂಟೆಗೆ ಮೇಡಂ ಕಿಟಕಿಗಳನ್ನು ಮುಚ್ಚುತ್ತಿದ್ದಳು. ಕಾರ್ಡಮ್ಮ ದಿನಕ್ಕೆ ಹತ್ತು ಸಲದಂತೆ ಆಗಲೂ ಆ ಪುಟ ತೆರೆದಳು. ಕೆಳಗೆ ಉತ್ತರವೇನೂ ಇರಲಿಲ್ಲ. ಅವಳ ಮಾತಿನ ಅಡಿಯಲ್ಲಿ ಮಾತ್ರ, ಬೆಳಿಗ್ಗೆ ಇಲ್ಲದಿದ್ದ ಒಂದು ಸಣ್ಣ ಬೂದು ಸಾಲಿತ್ತು: ಇದು ಒಬ್ಬ ಓದುಗರಿಗೆ ಉಪಯೋಗವಾಗಿದೆ.

"ಯಾರು ಅಂತ ತೋರಿಸುತ್ತಾ?" ಎಂದು ಕೇಳಿದಳು.

ಮೇಡಂ ಬಗ್ಗಿ ನೋಡಿದಳು. "ಇಲ್ಲ. ಯಾರು ಬೇಕಾದ್ರೂ ಒತ್ತಬಹುದು ಅದನ್ನ. ದಾರೀಲಿ ಹೋಗೋರೂ ಒತ್ತಿರಬಹುದು." ಹಾಗಂದವಳು ಕಾರ್ಡಮ್ಮನ ಮುಖ ನೋಡಿ ಪಕ್ಕದ ಕುರ್ಚಿ ಎಳೆದುಕೊಂಡಳು. ಮತ್ತೆ, "ಪುಸ್ತಕ ಕಳಿಸಿದ ಊರಿನವರಿಗೆ ಪತ್ರ ಬರೀತೀನಿ. ಇನ್ನೊಂದಷ್ಟು ದಿನ ಇಟ್ಕೋತೀವಿ ಅಂತ," ಎಂದಳು.

ಕಾರ್ಡಮ್ಮ ಕಪಾಟಿನಿಂದ ಪುಸ್ತಕ ತಂದು ಸೀಲಣ್ಣನ ಮುಂದೆ ಇಟ್ಟಳು. ಅವನು ಸೀಲು ಕೈಗೆತ್ತಿಕೊಂಡ. ಸೀಲಿನ ಪುಟ್ಟ ಚಕ್ರವನ್ನು ಉಗುರಿನಿಂದ ಏಳು ಹಲ್ಲು ಮುಂದಕ್ಕೆ ತಿರುಗಿಸಿದ. ಶಾಯಿಯ ಪ್ಯಾಡಿಗೆ ಒತ್ತಿ, ಚೀಟಿಯ ಮೇಲೆ ಮೆತ್ತಗೆ ಊರಿ ಎತ್ತಿದ. ಹಸಿ ನೇರಳೆ ತಾರೀಕು ಆರುವವರೆಗೆ ಇಬ್ಬರೂ ಅದರ ಮೇಲೆ ಊದಿದರು.