ಮೇಳಿ ಮುಟ್ಟದ ಕೈ

ಸೌಂದರ್ಯಳಿಗೆ ಕೃಷಿ ಕಾಲೇಜಿನ ಆಸೆ ಹತ್ತಿದ್ದು ಏಳನೇ ತರಗತಿಯಲ್ಲಿ. ಶಾಲೆಯವರು ಬಸ್ಸು ಮಾಡಿಸಿ ಆ ಕಾಲೇಜಿನ ಕೃಷಿಮೇಳಕ್ಕೆ ಕರೆದುಕೊಂಡು ಹೋಗಿದ್ದರು. ಮಿಕ್ಕ ಹುಡುಗಿಯರು ಐಸ್‌ಕ್ರೀಮಿನ ಗಾಡಿಯನ್ನು ಸುತ್ತಿಕೊಂಡಿದ್ದಾಗ ಇವಳು ದಾರಿ ತಪ್ಪಿ ರಾಗಿಯ ತಾಕುಗಳ ನಡುವೆ ಬಂದುಬಿಟ್ಟಳು. ಚಾಪೆ ಹಾಸಿದಷ್ಟಗಲದ ತಾಕುಗಳು. ಒಂದೊಂದರ ತಲೆಯಲ್ಲೂ ಒಂದೊಂದು ತಗಡು, ತಗಡಿನ ಮೇಲೆ ತಳಿಯ ಹೆಸರು, ಬಿತ್ತಿದ ತಾರೀಖು. ಮೊಣಕಾಲವರೆಗೆ ಬೂಟು ಹಾಕಿದ ಹೆಂಗಸೊಬ್ಬಳು ತೆನೆಯೊಂದನ್ನು ಬೆರಳಲ್ಲಿ ಬಾಗಿಸಿ ನೋಡಿ, ಕಂಕುಳಲ್ಲಿದ್ದ ಪುಸ್ತಕ ತೆಗೆದು ಏನೋ ಬರೆದುಕೊಂಡಳು. ಇವಳನ್ನು ಕಂಡು, "ಇದ್ಯಾವ ಬೆಳೆ ಗೊತ್ತಾ ಪುಟ್ಟಿ?" ಎಂದಳು.

"ರಾಗಿ."

"ಅಷ್ಟೂ ಗೊತ್ತಿಲ್ದೋರೇ ಜಾಸ್ತಿ ಬರ್ತಾರೆ ಇಲ್ಲಿಗೆ," ಎಂದು ಆಕೆ ನಕ್ಕಿದ್ದಳು.

ಅಷ್ಟೇ ನಡೆದದ್ದು. ಮನೆಯಲ್ಲಿ ಅವ್ವ, ಅಜ್ಜಿ ಬೆಳಗಿನಿಂದ ಬೈಗಿನವರೆಗೆ ಹೊಲದಲ್ಲೇ ಇರುತ್ತಿದ್ದರು. ಆದರೆ ಹೊಲವನ್ನು ನೋಡಿ ನೋಡಿ ಬರೆದುಕೊಳ್ಳುವ ಹೆಂಗಸನ್ನು ಸೌಂದರ್ಯ ಕಂಡದ್ದು ಅದೇ ಮೊದಲು. ಆಮೇಲಿನ ಐದು ವರ್ಷ ಅವಳು ಯಾರಿಗೂ ಹೇಳದೆ ಆ ಆಸೆಯನ್ನು ಸಾಕಿಕೊಂಡಳು. ಪಿರಿಯಾಪಟ್ಟಣದ ಕಾಲೇಜಿನಲ್ಲಿ ಹಟ ಮಾಡಿ ಸೈನ್ಸ್ ತೆಗೆದುಕೊಂಡದ್ದು, ಬೆಟ್ಟದಪುರದ ಬಸ್ಸಿನಲ್ಲಿ ಎರಡು ವರ್ಷ ನಿಂತುಕೊಂಡೇ ಬಯಾಲಜಿ ಓದಿದ್ದು, ಎಲ್ಲವೂ ಅದಕ್ಕೇ.

ಸಿಇಟಿ ಫಲಿತಾಂಶ ಬಂದ ದಿನ ಅಪ್ಪ ಶಶಿಕುಮಾರ್ ಅವಳನ್ನು ಬೈಕಿನ ಹಿಂದೆ ಕೂರಿಸಿಕೊಂಡು ಪಿರಿಯಾಪಟ್ಟಣದ ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿಯ ಕಿರಣ್‌ಕುಮಾರ್ ತಾಲ್ಲೂಕಿನ ಅರ್ಧ ಮಕ್ಕಳ ಅರ್ಜಿ ತುಂಬಿದವನು. ಪರದೆ ನೋಡಿ ತುಟಿ ಸೊಟ್ಟ ಮಾಡಿದ.

"ನೋಡಣ್ಣ, ಎರಡು ದಾರಿ ಅವೆ. ಬರೀ ಸಿಇಟಿ ರ‍್ಯಾಂಕಲ್ಲಿ ಓಗದು ಒಂದು. ಈ ರ‍್ಯಾಂಕಿಗೆ ಅದಾಗಕಿಲ್ಲ, ಸುಳ್ಳೇಳಾಕಿಲ್ಲ ನಾನು. ಇನ್ನೊಂದು ಕೃಷಿಕರ ಕೋಟಾ. ರೈತ್ರ ಮಕ್ಳಿಗೆ ಅಂತ್ಲೇ ಸೀಟು ಮಡಗವ್ರೆ. ಅದ್ಕೆ ತಾಲ್ಲೂಕಾಫೀಸಿಂದ ಸರ್ಟಿಫಿಕೇಟ್ ಬೇಕು, ಆಮೇಲೆ ಒಂದು ಪ್ರಾಕ್ಟಿಕಲ್ ಪರೀಕ್ಷೆ ಕೊಡ್ಬೇಕು."

"ಏನ್ ಕೇಳ್ತಾರಪ್ಪ ಅದ್ರಲ್ಲಿ?"

"ಬೀಜ ಇಡ್ತಾರೆ, ಗೊಬ್ಬರ ಇಡ್ತಾರೆ, ಬೇಸಾಯದ ಸಾಮಾನು ಇಡ್ತಾರೆ. ಇದೇನು, ಇದ್ರಲ್ಲಿ ಎಂಗ್ ಮಾಡ್ತೀಯ ಅಂತಾರೆ. ಅದ್ರಲ್ಲಿ ಚೆಂದಾಗಿ ಮಾರ್ಕ್ಸ್ ತಗಂಡ್ರೆ ಮಗು ಮೇಲಕ್ಕೋಯ್ತದೆ."

ಶಶಿಕುಮಾರ್ ತೊಡೆ ತಟ್ಟಿಕೊಂಡು ನಕ್ಕ. "ಇಷ್ಟೇನ್ಲಾ! ಮೀನಿಗೆ ಈಜಾಕೆ ಬತ್ತದಾ ಅಂತ ಪರೀಕ್ಷೆ ಮಾಡ್ದಂಗಾಯ್ತು ಬುಡು."

ಅಂದು ಸಂಜೆಯಿಂದಲೇ ಮನೆಯಲ್ಲಿ ಪಾಠ ಶುರುವಾಯಿತು. ಬೀಜದ ಪಾಠಕ್ಕೆ ಮೇಷ್ಟ್ರು ಅಜ್ಜಿ ದೊಡ್ಡತಾಯಮ್ಮ. ಎಪ್ಪತ್ತು ದಾಟಿದರೂ ಅಟ್ಟದ ಮೇಲಿನ ಯಾವ ಕುಡಿಕೆಯಲ್ಲಿ ಯಾವ ಬೀಜವಿದೆಯೆಂದು ಕತ್ತಲಲ್ಲೂ ಹೇಳುವ ಮುದುಕಿ. "ಕಣ್ಮುಚ್ಚು, ಕೈಯೊಡ್ಡು," ಎನ್ನುತ್ತಿದ್ದಳು. ಅಂಗೈಗೆ ಬಿದ್ದದ್ದನ್ನು ಬೆರಳಲ್ಲಿ ಹೊರಳಿಸಿ ಸೌಂದರ್ಯ ಹೇಳಬೇಕು: ಹುಚ್ಚೆಳ್ಳು, ಹುರುಳಿ, ಅಲಸಂದೆ, ಹರಳು. ಒಂದು ಸಲ ಏನೂ ಬಿದ್ದಂತೆಯೇ ಅನಿಸಲಿಲ್ಲ.

"ಏನೂ ಇಲ್ವಲ್ಲಜ್ಜಿ."

"ಇಲ್ದೆ ಏನು? ಅರ್ಧ ಎಕರೆ ಹೊಗೆಸೊಪ್ಪು ಅದೆ ನಿನ್ ಕೈಯಲ್ಲಿ."

ಕಣ್ಣು ಬಿಟ್ಟರೆ ಅಂಗೈ ಗೆರೆಗಳಲ್ಲಿ ದೂಳಿನಷ್ಟು ಸಣ್ಣ ತಂಬಾಕಿನ ಬೀಜ. ಒಲೆಯ ಮುಂದಿದ್ದ ಅವ್ವನೂ ಸೇರಿ ಮೂವರೂ ನಕ್ಕರು. ಆ ದಿನಗಳಲ್ಲಿ ಸೌಂದರ್ಯಳಿಗೆ ಸೀಟು ಆಗಲೇ ಸಿಕ್ಕಿದಂತೆ, ತಾನು ಟ್ರಂಕಿಗೆ ಬಟ್ಟೆ ತುಂಬುತ್ತಿರುವಂತೆ ಅನಿಸುತ್ತಿತ್ತು. ಹಿತ್ತಿಲ ಅವರೆ ಪಾತಿಯ ತಲೆಯಲ್ಲಿ ಒಂದು ರಟ್ಟಿನ ತುಂಡು ಸಿಕ್ಕಿಸಿ ಬಿತ್ತಿದ ತಾರೀಖು ಬರೆದಳು. ಎರಡು ದಿನಕ್ಕೆ ಕೋಳಿ ಅದನ್ನು ಕೆದಕಿ ಬೀಳಿಸಿತು. ಮತ್ತೆ ಸಿಕ್ಕಿಸಿದಳು.

ತೊಡಕು ಬಂದದ್ದು ಸಾಮಾನಿನ ಪಾಠಕ್ಕೆ. ಊರಿನಲ್ಲಿ ಉಳುಮೆಗೆಲ್ಲ ಟ್ರ್ಯಾಕ್ಟರ್ ಬಂದಿದ್ದರೂ ಇವರ ಮನೆಯಲ್ಲಿ ಒಂದು ಜೊತೆ ಎತ್ತು ಉಳಿದಿದ್ದವು. ತುಂಡು ಹೊಲಗಳಿಗೆ, ಸಾಲಿನ ನಡುವೆ ಕುಂಟೆ ಹೊಡೆಯುವುದಕ್ಕೆ ಅವೇ ಬೇಕಾಗಿತ್ತು. ಶಶಿಕುಮಾರ್ ಸೂರಿನ ಕೆಳಗಿಂದ ನೇಗಿಲು ಇಳಿಸಿ ಅಂಗಳದಲ್ಲಿಟ್ಟ. ಸೌಂದರ್ಯ ಮುಂದೆ ಬಗ್ಗಿದಳೋ ಇಲ್ಲವೋ, ಜಗಲಿಯಿಂದ ಅಜ್ಜಿ ಕೂಗಿದಳು.

"ಕೈ ತಗಿ! ಮುಟ್ಟಿಗಿಟ್ಟೀಯ!"

"ಪರೀಕ್ಷೆಗೆ ಕಣವ್ವ," ಎಂದ ಶಶಿಕುಮಾರ್.

"ಪರೀಕ್ಷೆ ಅವ್ಳದು, ಮಳೆ ಊರಿಂದು. ಈ ಮನೆ ಹೆಣ್ಣು ನೇಗಿಲು ಮುಟ್ಟಾಂಗಿಲ್ಲ. ಅದ್ಯಾಕೆ ಅಂತ ನಿಂಗೆ ಗೊತ್ತಿಲ್ವೇನ್ಲಾ?"

ಅವನಿಗೆ ಗೊತ್ತಿತ್ತು. ಊರಿಗೇ ಗೊತ್ತಿತ್ತು. ದೊಡ್ಡತಾಯಮ್ಮ ಮದುವೆಯಾಗಿ ಬಂದ ಎರಡನೇ ವರ್ಷ, ಗಂಡ ಜ್ವರದಲ್ಲಿ ಮಲಗಿದ್ದಾಗ, ಹದ ಬಿದ್ದ ಹೊಲ ಆರಿಹೋಗುತ್ತದಲ್ಲ ಎಂದು ತಾನೇ ಎತ್ತು ಕಟ್ಟಿ ಅರ್ಧ ಹೊಲ ಉತ್ತಿದ್ದಳು. ಹೆಂಗಸು ನೇಗಿಲು ಹಿಡಿದರೆ ಮಳೆ ಹೋಗುತ್ತದೆನ್ನುವ ಊರು ಅದು. ಆ ವರ್ಷ ಎರಡು ತಿಂಗಳು ಹನಿ ಬೀಳಲಿಲ್ಲ. ಎದುರಿಗೆ ಯಾರೂ ಬಯ್ಯಲಿಲ್ಲ, ಹೆಸರೊಂದನ್ನು ಇಟ್ಟರು: ನೇಗ್ಲು ದೊಡ್ಡಿ. ಮದುವೆ ಮನೆಗೆ ಹೋದರೆ, ನೀರಿಗೆ ಹೋದರೆ, ಬೆನ್ನ ಹಿಂದೆ ಅದೇ ಹೆಸರು. ಅದು ನಿಲ್ಲುವುದಕ್ಕೆ ಅವಳ ತಲೆ ಅರ್ಧ ಬೆಳ್ಳಗಾಗಬೇಕಾಯಿತು.

ಶಶಿಕುಮಾರ್ ತಾಯಿಯ ಮಾತು ಮೀರಲಿಲ್ಲ, ಮಗಳ ಪಾಠವನ್ನೂ ಬಿಡಲಿಲ್ಲ. ಕೊಟ್ಟಿಗೆಯ ಗೋಡೆಗೆ ಇದ್ದಲಿನಲ್ಲಿ ನೇಗಿಲು ಬರೆದ. ಇದು ಗುಳ, ನೆಲ ಸೀಳುವ ಕಬ್ಬಿಣ. ಇದು ಮೇಳಿ, ಕೈಯಲ್ಲಿ ಹಿಡಿಯುವುದು. ಇದು ಈಸು, ನೊಗಕ್ಕೆ ಹೋಗುವ ಉದ್ದನೆಯ ಮರ. ನೊಗವನ್ನು ಈಸಿನ ತುದಿಗೆ ಕಟ್ಟಿದರೆ ಗುಳ ಆಳಕ್ಕಿಳಿಯುತ್ತದೆ, ಹಿಂದಕ್ಕೆ ಕಟ್ಟಿದರೆ ಮೇಲೆ ಹೋಗುತ್ತದೆ. ಸೌಂದರ್ಯ ಗೋಡೆಯ ಮುಂದೆ ನಿಂತು ಎಲ್ಲವನ್ನೂ ಬಾಯಿಪಾಠ ಮಾಡಿದಳು. ಕೇಳಿದರೆ ನಿದ್ದೆಯಲ್ಲೂ ಹೇಳುತ್ತಿದ್ದಳು.

ಪರೀಕ್ಷೆಯ ದಿನ ಅಪ್ಪ ಮಗಳು ಮೊದಲ ಬಸ್ಸಿಗೆ ಹೊರಟು, ಹುಣಸೂರು, ಮೈಸೂರು ದಾಟಿ, ಇನ್ನೊಂದು ಬಸ್ಸು ಹಿಡಿದು ಪರೀಕ್ಷೆ ನಡೆಯುವ ಆ ಕೃಷಿ ಕಾಲೇಜು ತಲುಪಿದರು. ಗೇಟಿನೊಳಗೆ ಎರಡೂ ಕಡೆ ತಾಕುಗಳಿದ್ದವು. ಸೌಂದರ್ಯಳ ಕಾಲು ತಾನಾಗಿ ನಿಧಾನವಾಯಿತು.

"ಆಮೇಲೆ ನೋಡುವಂತೆ ಬಾ ಮಗ, ನಾಕು ವರ್ಸ ಅದೆ ನೋಡಾಕೆ," ಎಂದ ಶಶಿಕುಮಾರ್.

ಸಾಲಿನಲ್ಲಿ ಅವಳ ಮುಂದೆ ಸಾಲಿಗ್ರಾಮದ ಕಡೆಯ ಶಿವಾನಿ ಎಂಬ ಹುಡುಗಿ ನಿಂತಿದ್ದಳು. ಜಮೀನು ಊರಿನಲ್ಲಿ, ಇರುವುದು ಮೈಸೂರಿನಲ್ಲಿ. "ನಾನು ಕೋಚಿಂಗ್ ತಗೊಂಡೆ," ಎಂದಳು ಮೆಲ್ಲಗೆ. "ಹದಿನೈದು ದಿನ. ನೇಗಿಲೆಲ್ಲಾ ಬಿಚ್ಚಿಸಿ, ಕಟ್ಟಿಸಿ ಹೇಳ್ಕೊಟ್ರು. ನೀನೆಲ್ಲಿ ಕಲ್ತೆ?"

"ಮನೇಲೇ."

"ನಿಂದೇ ಲಕ್ಕು ಕಣೇ. ನಿಂಗೆ ಎಲ್ಲಾ ಬರ್ತಿರುತ್ತೆ."

ಒಳಗೆ ಉದ್ದನೆಯ ಮೇಜುಗಳು. ಬೀಜದ ತಟ್ಟೆಗಳ ಮುಂದೆ ಸೌಂದರ್ಯಳ ಪೆನ್ನು ಎಲ್ಲೂ ನಿಲ್ಲಲಿಲ್ಲ. ಗೊಬ್ಬರ ಹೇಳಿದಳು, ಹುಳು ತಿಂದ ಎಲೆ ನೋಡಿ ಹುಳುವಿನ ಹೆಸರು ಹೇಳಿದಳು. ಕೊನೆಯ ಮೇಜಿನ ಪಕ್ಕ ನೆಲದ ಮೇಲೆ ನೇಗಿಲು, ನೊಗ, ಹಗ್ಗ. ದಪ್ಪ ಕನ್ನಡಕದ ಪರೀಕ್ಷಕರು ಕುರ್ಚಿಯಲ್ಲಿ ಕೂತಿದ್ದರು. ಭಾಗಗಳ ಹೆಸರು ಕೇಳಿದರು. ಅವಳು ದೂರದಿಂದಲೇ ಬೆರಳು ತೋರಿಸಿ ಹೇಳಿದಳು.

"ಸರಿ. ಮೇಲುಳುಮೆ ಮಾಡ್ಬೇಕು. ನೊಗ ಎಲ್ಲಿ ಕಟ್ತೀರಿ?"

"ಈಸಲ್ಲಿ ಹಿಂದಕ್ಕೆ ಸಾರ್."

"ಹಾಂ. ಕಟ್ಟಿ."

ಅವಳು ಹಾಗೇ ನಿಂತಳು. ಪರೀಕ್ಷಕರು ತಲೆಯೆತ್ತಿದರು. "ಕಟ್ಟಿ ತೋರಿಸಮ್ಮ, ಹಿಂದೆ ಇನ್ನೂ ಜನ ಇದಾರೆ."

ಸೌಂದರ್ಯ ಚಪ್ಪಲಿ ಬಿಟ್ಟು ಮುಂದೆ ಬಂದಳು. ಈಸನ್ನು ಮುಟ್ಟಿದಾಗ ಅದು ಬರೀ ಮರದ ಹಾಗೆಯೇ ಇತ್ತು, ತಣ್ಣಗೆ, ಸವೆದು ನುಣುಪಾಗಿ. ಗೋಡೆಯ ಮೇಲಿನ ನೇಗಿಲಿಗೆ ಅಪ್ಪ ಹಗ್ಗ ಬರೆದಿರಲಿಲ್ಲ. ಅವಳ ಕೈಗೆ ಗೊತ್ತಿದ್ದದ್ದು ಒಂದೇ ಗಂಟು, ಏಳು ವರ್ಷದಿಂದ ದಿನಕ್ಕೆ ಸಾವಿರ ಸಲ ಹಾಕಿದ್ದು: ತಂಬಾಕಿನ ಎಲೆಯನ್ನು ಕಡ್ಡಿಗೆ ಕಟ್ಟುವ ಗಂಟು. ಕೈ ಅದನ್ನೇ ಹಾಕಿತು. ಚಕಚಕನೆ ಹಾಕಿತು, ಚೆಂದವಾಗಿ ಹಾಕಿತು. ಪರೀಕ್ಷಕರು ಎದ್ದು ನೊಗದ ಒಂದು ತುದಿಯನ್ನು ಹಿಡಿದೆತ್ತಿ ಜಗ್ಗಿದರು. ಗಂಟು ಜಾರಿತು, ನೊಗ ದಡಾರನೆ ನೆಲಕ್ಕೆ ಬಿತ್ತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ತಂಬಾಕಿನ ಸೀಮೆಯವಳಾ?" ಎಂದರು ಅವರು.

"ಹೌದು ಸಾರ್."

"ಎಲೆಗೆ ಅಷ್ಟು ಭಾರ ಇಲ್ಲಮ್ಮ, ಆ ಗಂಟು ಸಾಕು. ಎತ್ತು ಎಳೆಯೋ ನೊಗಕ್ಕೆ ಸಾಲುತ್ತಾ? ಮನೇಲಿ ಒಂದು ಸಲನಾದ್ರೂ ಕಟ್ಟಿದೀಯಾ?"

"ಇಲ್ಲ ಸಾರ್. ನಮ್ಮನೇಲಿ ಹೆಂಗಸ್ರು ನೇಗಿಲು ಮುಟ್ಟಾಂಗಿಲ್ಲ."

ಅವರು ಅವಳನ್ನೊಮ್ಮೆ, ಬಿದ್ದ ನೊಗವನ್ನೊಮ್ಮೆ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡರು. ಬಯ್ಯಲಿಲ್ಲ. "ನಾನು ನೋಡಿದ್ದಕ್ಕೆ ಮಾತ್ರ ಮಾರ್ಕ್ಸ್ ಕೊಡಬಹುದು ಮಗಳೇ," ಎಂದು ಹಾಳೆಯಲ್ಲಿ ಬರೆದರು.

ಹೊರಗೆ ಅಪ್ಪ ಕಡಲೆಕಾಯಿ ಹಿಡಿದುಕೊಂಡು ಕಾಯುತ್ತಿದ್ದ. "ಎಂಗಾಯ್ತು?"

"ಬೀಜ ಎಲ್ಲಾ ಆಯ್ತು ಕಣಪ್ಪ," ಎಂದಳು. ಅವನು ಅಷ್ಟಕ್ಕೇ ಖುಷಿಪಟ್ಟ. ಹಿಂದಿರುಗುವಾಗ ಗೇಟಿನ ಬಳಿಯ ತಾಕುಗಳನ್ನು ನೋಡೋಣ ಬಾ ಎಂದು ಅವನೇ ಕರೆದ. ಅವಳು ಬೇಡವೆಂದಳು.

ಫಲಿತಾಂಶ ಬರುವ ಹೊತ್ತಿಗೆ ಊರ ತುಂಬ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳ ಒಲೆ ಉರಿಯುತ್ತಿತ್ತು, ಊರಾಚೆಯ ಬೆಟ್ಟದವರೆಗೂ ಬೇಯುವ ಸೊಪ್ಪಿನ ವಾಸನೆ. ಸೌಂದರ್ಯ ಕಡ್ಡಿ ಕಟ್ಟುತ್ತ ಕೂತಿದ್ದಾಗಲೇ ಮೊದಲ ಸುತ್ತಿನ ಹಂಚಿಕೆ ಮುಗಿಯಿತು, ಎರಡನೆಯದೂ ಮುಗಿಯಿತು. ಕೊನೆಯ ಸುತ್ತಿನ ದಿನ ಅಪ್ಪ ಅವಳನ್ನು ಮತ್ತೆ ಕಿರಣ್‌ಕುಮಾರನ ಅಂಗಡಿಗೆ ಕರೆದುಕೊಂಡು ಹೋದ.

"ಇಲ್ಲಿಗೆ ನಿಂತೋಯ್ತು ಕಣಣ್ಣ," ಎಂದ ಕಿರಣ್‌ಕುಮಾರ್, ಪರದೆಯ ಮೇಲೆ ಬೆರಳಿಟ್ಟು. "ಇನ್ನೊಂದು ಆರು ಮಾರ್ಕ್ಸು ಪ್ರಾಕ್ಟಿಕಲ್ಲಲ್ಲಿ ಬಂದಿದ್ರೆ ಒಳೀಕೋಯ್ತಿತ್ತು."

ಆ ಆರು ಅಂಕ ಎಲ್ಲಿ ಬಿದ್ದುಹೋದವೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ.

"ಈಗೇನ್ಲಾ ಮಾಡದು?" ಶಶಿಕುಮಾರನ ದನಿ ಕುಗ್ಗಿತ್ತು.

"ಹುಣಸೂರಲ್ಲಿ ಬಿಎಸ್ಸಿಗೆ ಇನ್ನೂ ಸೀಟವೆ. ನಾಳೆ ನಾಡಿದ್ದರಲ್ಲಿ ಸೇರಿಸ್ಬುಡಿ. ಇಲ್ಲಾ, ಒಂದು ವರ್ಸ ಕಾದು ಸಿಇಟಿ, ಪ್ರಾಕ್ಟಿಕಲ್ಲು ಎರಡೂ ತಿರ್ಗಾ ಬರೀಲಿ. ಆದ್ರೆ ಒಂದು ವರ್ಸ ಮನೇಲಿ ಕೂತ ಹುಡುಗಿ ಓದ್ತದೋ, ಇಲ್ಲಾ ನೀವೇ ಗಂಡು ನೋಡ್ತೀರೋ, ನಾನ್ ಕಾಣೆ."

"ಬರೀತೀನಿ," ಎಂದಳು ಸೌಂದರ್ಯ. ಅಷ್ಟು ಜೋರಾಗಿ ಹೇಳಿದೆನೆಂದು ಅವಳಿಗೇ ಗೊತ್ತಾಗಲಿಲ್ಲ; ಅರ್ಜಿ ಹಿಡಿದು ನಿಂತಿದ್ದವರು ತಿರುಗಿ ನೋಡಿದರು.

ಮಾರನೆಯ ದಿನ ಬ್ಯಾರನ್ ಮುಂದೆ ಅಜ್ಜಿಯ ಎದುರು ಕೂತು ಎಲೆ ಕಟ್ಟುತ್ತ, ತಲೆಯೆತ್ತದೆ, ಅವಳು ಎಲ್ಲವನ್ನೂ ಹೇಳಿದಳು. ನೇಗಿಲು ಮುಟ್ಟಿದ್ದು, ಗಂಟು ಜಾರಿದ್ದು, ನಕ್ಕದ್ದು, ಆರು ಅಂಕ.

ದೊಡ್ಡತಾಯಮ್ಮನ ಕೈ ನಿಲ್ಲಲಿಲ್ಲ. ಒಂದು ಕಡ್ಡಿ ಮುಗಿಸಿ ಇನ್ನೊಂದನ್ನು ಎಳೆದುಕೊಂಡಳು. "ಅಲ್ಲಿಗೋಗಿ ಏನ್ ಮಾಡ್ತೀಯ ನೀನು? ಇಲ್ಲಿಲ್ದೆ ಇರೋ ಬೇಸಾಯ ಅಲ್ಲೇನದೆ?" ಎಂದಳು.

ಸೌಂದರ್ಯಳಿಗೆ ಹೇಳುವುದು ಬಹಳವಿತ್ತು. ಬಾಯಿಗೆ ಬಂದದ್ದು ಇಷ್ಟೇ. "ಇಲ್ಲಿ ನಾವು ಮಾಡ್ತೀವಿ ಅಜ್ಜಿ. ಯಾಕೆ ಮಾಡ್ತೀವಿ ಅಂತ ಯಾರೂ ಬರ್ದಿಲ್ಲ. ನಂಗೆ ಅದ್ನ ಬರೀಬೇಕು."

ಮುದುಕಿ ಕಟ್ಟಿದ ಕಡ್ಡಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಎಷ್ಟೋ ದಿನ ಆ ಮಾತೆತ್ತಲಿಲ್ಲ. ಹುಣಸೂರಿನ ಕಾಲೇಜಿಗೆ ಸೇರುವ ದಿನವೂ ಕಳೆದುಹೋಯಿತು. ಓರಗೆಯ ಹುಡುಗಿಯರು ಹೊಸ ಚೀಲ ನೇತುಹಾಕಿಕೊಂಡು ಬಸ್ಸು ಹತ್ತುವುದನ್ನು ಸೌಂದರ್ಯ ಬೇಲಿಯ ಈಚೆಯಿಂದ ನೋಡುತ್ತಿದ್ದಳು. ಬಸ್ಸು ತಿರುವಿನಲ್ಲಿ ಮರೆಯಾದ ಮೇಲೂ ಸ್ವಲ್ಪ ಹೊತ್ತು ನಿಂತಿರುತ್ತಿದ್ದಳು.

ಸೊಪ್ಪು ಮುರಿದು ಮುಗಿದ ಮೇಲೆ ಬೆಟ್ಟದ ಮಗ್ಗುಲ ತುಂಡು ಹೊಲಕ್ಕೆ ಹುರುಳಿ ಚೆಲ್ಲಲು ಶಶಿಕುಮಾರ್ ಎತ್ತು ಕಟ್ಟಿದ. ಅಜ್ಜಿ ಬುತ್ತಿ ತಂದವಳು ಬದುವಿನ ಮೇಲೆ ನಿಂತಳು. ಸೌಂದರ್ಯ ಹಿಂದೆ ನೀರಿನ ಕ್ಯಾನು ಹಿಡಿದಿದ್ದಳು.

"ಲೇ ಶಶಿ, ಮೇಳಿ ಅವ್ಳ ಕೈಗೆ ಕೊಡ್ಲಾ."

ಅವನು ಎತ್ತು ನಿಲ್ಲಿಸಿ ಬೆಪ್ಪಾಗಿ ನೋಡಿದ. "ಅವ್ವ?"

"ಕಿವಿ ಕೇಳಾಕಿಲ್ವಾ? ಕೊಡು ಅಂದೆ. ಬಿಚ್ಚಿಸು, ಕಟ್ಟಿಸು, ಏನೇನ್ ಅದೆಯೋ ಎಲ್ಲಾ ಕಲಿಸು. ನಾನು ನೋಡಾಕಿಲ್ಲ."

"ಮಳೆ ಹೋದ್ರೆ ಅಜ್ಜಿ?" ಎಂದಳು ಸೌಂದರ್ಯ. ಕೇಳಬಾರದೆಂದುಕೊಂಡಿದ್ದಳು, ಕೇಳಿಬಿಟ್ಟಳು.

"ಹೋದ್ರೆ ನನ್ ಹೆಸ್ರು ಹೇಳ್ಕಳ್ಳಿ. ನಂಗೆ ಅಭ್ಯಾಸ ಆಗದೆ."

ಹಾಗೆಂದು ದೊಡ್ಡತಾಯಮ್ಮ ಹೊಲಕ್ಕೆ ಬೆನ್ನು ಹಾಕಿ, ದಾರಿಯ ಕಡೆ ಮುಖ ಮಾಡಿ ಕೂತಳು. ಸೆರಗನ್ನು ಬಿಗಿಯಾಗಿ ಹೊದ್ದುಕೊಂಡಳು.

ಶಶಿಕುಮಾರ್ ನೊಗ ಬಿಚ್ಚಿ ಮಗಳ ಕೈಯಲ್ಲಿ ಮೂರು ಸಲ ಕಟ್ಟಿಸಿದ. ಆಮೇಲೆ ಮೇಳಿ ಕೊಟ್ಟು ಪಕ್ಕಕ್ಕೆ ಸರಿದ. ಎತ್ತುಗಳು ಹೊಸ ಕೈಯನ್ನು ಗುರುತಿಸಿದವು. ಒಂದು ಎಡಕ್ಕೆಳೆಯಿತು, ಇನ್ನೊಂದು ನಿಂತಿತು. ಗುಳ ನೆಲದೊಳಗೆ ನಡುಗುವುದು ಅವಳ ಮೊಣಕೈವರೆಗೂ ಬಂತು. ಇದು ಯಾವ ಗೋಡೆಯ ಮೇಲೂ ಇರಲಿಲ್ಲ. ಮುಂದಿನ ಪರೀಕ್ಷೆಗೆ ಇನ್ನೂ ಒಂಬತ್ತು ತಿಂಗಳು.

ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಬಂದ ಪಕ್ಕದ ಹೊಲದ ಮುದುಕ ಚಿಕ್ಕಣ್ಣ ಕಾಲೂರಿ ನಿಂತ. "ಏನ್ ದೊಡ್ಡತಾಯವ್ವ, ಮೊಮ್ಮಗ್ಳು ನೇಗ್ಲು ಹಿಡ್ದವ್ಳೆ?"

"ನಂಗೇನ್ ಗೊತ್ತು? ನಾನು ಈ ಕಡೆ ಕೂತಿವ್ನಿ," ಎಂದಳು ಮುದುಕಿ. "ಅದು ಕಾಲೇಜ್ ಪಾಠ ಕಣಪ್ಪ. ನೀನು ಮೂರನೇ ಕ್ಲಾಸು, ನಿಂಗೆ ತಿಳ್ಯಾಕಿಲ್ಲ. ಓಗು."

ಚಿಕ್ಕಣ್ಣ ನಗುತ್ತಲೋ ಗೊಣಗುತ್ತಲೋ ಹೋದ. ಸೈಕಲ್ಲಿನ ಸದ್ದು ಅಡಗುವವರೆಗೆ ಅಜ್ಜಿ ದಾರಿಯನ್ನೇ ನೋಡಿದಳು. ಆಮೇಲೆ ತಿರುಗದೆ ಕೇಳಿದಳು.

"ಸಾಲು ನೆಟ್ಗದಾ?"

ಸೌಂದರ್ಯ ಹಿಂದಿರುಗಿ ನೋಡಿದಳು. "ಇಲ್ಲ ಕಣಜ್ಜಿ. ಹಾವು ಹರ್ದಂಗದೆ."

ಮುದುಕಿ ಬುತ್ತಿಯ ಗಂಟು ಬಿಚ್ಚತೊಡಗಿದಳು.

"ಅಂಗಾದ್ರೆ ಇನ್ನೊಂದು ಸಾಲು ಹೊಡಿ."