ಕೆಳಮನೆಗೆ ಹೋದ ದೀಪ

ಅಜ್ಜ ತೀರಿಕೊಂಡ ಮೂರನೆಯ ದಿನವೂ ಬಾರ್ತಾಂಗ್ ಕಣಿವೆಯ ಮೇಲೆ ಹಿಮ ಬಿಡದೆ ಸುರಿಯುತ್ತಿತ್ತು. ಗಾಳಿ ಅದನ್ನು ಗುಡಿಸಿ ಗುಡಿಸಿ ನಮ್ಮ ಮನೆಯ ಹಿಂದಿನ ಬೆಟ್ಟದ ನೆತ್ತಿಗೆ ಪೇರಿಸಿತ್ತು. ಅಂದು ಸಂಜೆ ಅಜ್ಜನ ದೀಪ ಹಚ್ಚಬೇಕು. ಊರಿನ ಧರ್ಮಗುರು ಖಲೀಫಾ ಬತ್ತಿ ಹೊಸೆಯಬೇಕು, ಊರೆಲ್ಲ ಕೂಡಿ ಹಾಡಬೇಕು. ಆ ಬೆಳಕು ಹಿಡಿದೇ ಸತ್ತವನ ಜೀವ ದಾರಿ ಕಾಣುವುದು. ಅದೂ ಸತ್ತವನ ಸ್ವಂತ ಸೂರಿನಡಿಯಲ್ಲೇ.

ನೀರಿಗೆಂದು ಮೇಲಿನ ಬುಗ್ಗೆಗೆ ಹೋಗಿದ್ದ ಅತ್ತಿಗೆ ನಿಸೊಬೆಗಿಂ ಖಾಲಿ ಕೊಡದೊಂದಿಗೆ ಓಡಿ ಬಂದಳು.

“ಅಜ್ಜೀ, ಕಾಲಿಟ್ಟ ಕಡೆ ಹಿಮ ಧುಸ್ ಅಂತ ಕುಸಿದು ಕೂತ್ಕೊಳ್ತು. ಒಳಗೆಲ್ಲ ಟೊಳ್ಳು. ನನ್ನ ತವರಲ್ಲಿ ಹೀಗೆ ಸದ್ದಾದ ದಿನವೇ ನಮ್ಮಪ್ಪನ ಮನೆ ಹಿಮದಡಿ ಹೋಗಿದ್ದು. ದೀಪ ಹೊಳೆ ಪಕ್ಕ ಮೇಷ್ಟ್ರ ಮನೇಲಿ ಹಚ್ಚೋಣ.”

ಅಜ್ಜಿ ಕುರಿಮಾಂಸದ ಕಡಾಯಿಯಿಂದ ಮುಖ ಎತ್ತಲಿಲ್ಲ. “ನನ್ನ ಗಂಡ ಕಂಡೋರ ಮನೇಲಿ ದಾರಿ ಹುಡುಕ್ಬೇಕಾ? ದೀಪ ಉರಿಯೋ ಮನೇನ ಹಿಮ ಮುಟ್ಟಲ್ಲ ಕಣೆ. ಊರ ಮಕ್ಕಳಿಗೆಲ್ಲ ಗೊತ್ತು, ನಿನಗೊಬ್ಬಳಿಗೆ ಗೊತ್ತಿಲ್ಲ.”

ಗೊತ್ತಿದ್ದವರಲ್ಲಿ ನಾನೂ ಒಬ್ಬಳು. ಕುಸಿಯುವ ಹಿಮದ ರೂಪದಲ್ಲಿ ಮರಿ ಕಳೆದುಕೊಂಡ ಬಿಳಿ ಒಂಟೆಯೊಂದು ಬೆಟ್ಟದಲ್ಲಿ ಅಳುತ್ತಾ ಅಲೆಯುತ್ತದೆ, ಕತ್ತಲ ಮನೆಗಳನ್ನು ತುಳಿಯುತ್ತದೆ, ದೀಪ ಕಂಡರೆ ಬಳಸಿಕೊಂಡು ಹೋಗುತ್ತದೆ. ಅಜ್ಜಿಯ ತೊಡೆಯ ಮೇಲೆ ಮಲಗಿ ಕೇಳುವಾಗ ಅದರ ರೆಪ್ಪೆಗೆ ಅಂಟಿದ ಮಂಜು ಕೂಡ ನನಗೆ ಕಾಣುತ್ತಿತ್ತು.

“ಸುಮ್ನಿರು, ಬಂದೋರ ಮುಂದೆ ಮಾನ ಕಳೀಬೇಡ,” ಎಂದ ಅಣ್ಣ ದವ್ಲತ್‌ಶೊ.

“ಮಾನ ಹಿಮದಡಿ ಸಿಕ್ರೆ ಅಗೆದು ತಗೋ. ನನ್ನ ಮಗು ಇಲ್ಲಿರಲ್ಲ,” ಎಂದವಳೇ ಅತ್ತಿಗೆ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ಆಗಲೇ ಬಂದು ಕೂತಿದ್ದ ಖಲೀಫಾರ ಮುಂದಿದ್ದ ಕಲ್ಲಿನ ದೀಪವನ್ನು ಶಾಲಿನೊಳಗೆ ತುರುಕಿ, ಇಳಿದೇ ಹೋದಳು.

ಖಲೀಫಾ ಗಡ್ಡ ನೀವಿಕೊಂಡರು. “ದೀಪ ಹೋದ ಕಡೆ ನಾನು ಹೋಗ್ಲೇಬೇಕಲ್ಲಪ್ಪಾ.”

ಅವರ ಹಿಂದೆ ಊರು ಹೋಯಿತು. ಎಲ್ಲರಿಗಿಂತ ಕೊನೆಗೆ ಅಜ್ಜಿ, ಅಣ್ಣನ ಬೆನ್ನ ಮೇಲೆ, ಅವನ ಭುಜಕ್ಕೆ ಗುದ್ದುತ್ತಾ.

ಮೇಷ್ಟ್ರ ಮನೆಯಲ್ಲಿ ಬತ್ತಿ ಹೊತ್ತಿ, ಹಾಡು ಅರ್ಧಕ್ಕೆ ಬಂದಿರಬೇಕು. ಬೆಟ್ಟ ಮೊರೆಯಿತು. ಸೂರಿನ ಬೆಳಕಿಂಡಿಯಿಂದ ಹಿಮದ ಪುಡಿ ನಮ್ಮೆಲ್ಲರ ತಲೆಯ ಮೇಲೆ ಸುರಿಯಿತು. ಹೊರಗೆ ಓಡಿ ನೋಡಿದರೆ ನಮ್ಮ ಮನೆಯಿದ್ದ ಜಾಗ ನುಣ್ಣಗೆ ಬೆಳ್ಳಗಿತ್ತು. ಒಬ್ಬರ ಕೂದಲೂ ಕೊಂಕಿರಲಿಲ್ಲ.

ಯಾರಾದರೂ ಅತ್ತಿಗೆಯನ್ನು ತಬ್ಬಿಕೊಳ್ಳುತ್ತಾರೆ ಎಂದುಕೊಂಡೆ.

“ನೋಡಿದ್ರಾ?” ಅಜ್ಜಿ ಹಿಮದಲ್ಲೇ ಕುಸಿದು ಕೂತಳು. “ಇವಳು ದೀಪ ಹೊತ್ಕೊಂಡು ಹೋದ್ಲು. ಮನೆ ಕತ್ತಲಾಯ್ತು. ಹಿಮ ಬಂತು.”

“ಅಜ್ಜೀ, ನೀವು ಬದುಕಿದ್ದೀರಿ!” ಎಂದಳು ಅತ್ತಿಗೆ.

“ಅದನ್ನೂ ಹಂಗಿಸ್ತೀಯಾ?”

ಹೌದು ಹೌದು ಎಂದು ಹಿಂದೆ ಯಾರೋ ನಿಟ್ಟುಸಿರಿಟ್ಟರು. ಆಮೇಲೆ ಇನ್ನೂ ಕೆಲವರು.

ಹಿಮ ಕರಗಿದ ಮೇಲೆ, ಮುನಿದ ಅಜ್ಜನ ಸಮಾಧಾನಕ್ಕೆಂದು, ಅದೇ ಜಾಗದಲ್ಲಿ ಮನೆ ಕಟ್ಟುವುದೆಂದು ನಿಶ್ಚಯವಾಯಿತು. ಅಣ್ಣ ಕಲ್ಲು ಹೊತ್ತ. ಅತ್ತಿಗೆ ಖಲೀಫಾರ ಬಳಿ ಹೋದಳು.

“ಆ ಸಂಜೆ ನೀವೂ ಕೆಳಗೇ ಇದ್ರಿ. ಒಂದು ಮಾತು ಹೇಳಿ. ನನ್ನ ಮಗು ಮತ್ತೆ ಅಲ್ಲೇ ಮಲಗ್ಬೇಕಾ?”

ಅವರು ಹೊಳೆಯ ಕಡೆ ನೋಡಿದರು. “ಅಜ್ಜಿ ಹಿರಿಜೀವ. ಮನಸ್ಸು ನೋಯಿಸ್ಬಾರದು ಮಗಳೇ.”

ಕಂಬಗಳು ಎದ್ದು ನಿಂತ ದಿನ ಅತ್ತಿಗೆ ಮಗುವನ್ನು ಕಟ್ಟಿಕೊಂಡು ತವರಿನ ಕಣಿವೆಗೆ ನಡೆದಳು. ಅಣ್ಣ ಸೇತುವೆಯವರೆಗೆ ಹೋಗಿ, ತಿರುಗಿ ಬಂದು, ಸೂರಿಗೆ ಮಣ್ಣು ಮೆತ್ತಿದ.

“ಮೊಮ್ಮಗನ ಮಗನನ್ನೂ ಕದ್ದಳು,” ಎಂದಳು ಅಜ್ಜಿ.

ಹೊಸ ಹಿಮ ಬೀಳುವ ಮುಂಚೆಯೇ ಅಣ್ಣನಿಗೆ ಹೆಣ್ಣು ನೋಡಲು ಜನ ಹೊರಟರು. ದೂರದ ಬಯಲಿನವಳಾದರೆ ಒಳ್ಳೆಯದು, ಬೆಟ್ಟದ ಸದ್ದು ತಿಳಿಯದವಳು ಎಂದು ಅಜ್ಜಿ ಹೇಳಿ ಕಳಿಸಿದ್ದಳು.