ಕೇಳದೆ ಕೊಂಡ ಕಾರು

"ಕಾರಿನ ನಂಬರು ಹಿಡ್ಕೊಂಡು ತಪಾಸಣೆ ಕೇಂದ್ರಕ್ಕೆ ಹೋಗಿ ಅದರ ಹಳೇ ಚರಿತ್ರೆ ವಿಚಾರಿಸದೆ ಅದಕ್ಕೆ ಕೈ ಹಾಕಬಾರದು. ನಿಮ್ಮಪ್ಪ ಏನೇ ಅಂದ್ರೂ ಸರಿ."

ರಾಜಧಾನಿ ಉಲಾನ್‌ಬಾತರಿನ ಕಾರು ಸಂತೆಗೆ ಹೊರಟ ಬೆಳಿಗ್ಗೆ ಸೆಲೆಂಗೆ ಗಂಡನಿಂದ ಈ ಮಾತು ತೆಗೆದುಕೊಂಡಿದ್ದಳು. ಮ್ಯಾಗ್ಮರ್ ಎದೆ ಮುಟ್ಟಿಕೊಂಡು ಒಪ್ಪಿದ. ಅವನು ಎಲ್ಲದಕ್ಕೂ ಎದೆ ಮುಟ್ಟಿಕೊಂಡೇ ಒಪ್ಪುತ್ತಿದ್ದ, ಅಪ್ಪನ ಎದುರಿಗೆ ಬಂದ ಕೂಡಲೇ ಮರೆಯುತ್ತಿದ್ದ. ಒಳ್ಳೆಯ ಗಂಡಂದಿರಲ್ಲಿ ಈ ಜಾತಿಯವರೇ ಹೆಚ್ಚು, ಏನು ಮಾಡುವುದು.

ಕಾರು ಬೇಕಾಗಿದ್ದದ್ದು ಶೋಕಿಗಲ್ಲ. ಸೆಲೆಂಗೆಗೆ ಆರು ತಿಂಗಳಾಗಿತ್ತು. ಕಾಲು ಊದಿಕೊಂಡಿತ್ತು, ರಕ್ತದೊತ್ತಡ ಏರಿತ್ತು. ನೋವು ಶುರುವಾದ ಗಳಿಗೆಯಲ್ಲೇ ಜಿಲ್ಲಾ ಆಸ್ಪತ್ರೆಗೆ ತರಬೇಕು, ಊರಿನ ಚಿಕಿತ್ಸಾಲಯದಲ್ಲಿ ಹೆರಿಗೆ ಮಾಡಿಸಿದರೆ ತಾಯಿಯೂ ಇಲ್ಲ ಮಗುವೂ ಇಲ್ಲ ಎಂದು ಡಾಕ್ಟರಮ್ಮ ಮುಖಕ್ಕೆ ಹೊಡೆದಂತೆ ಹೇಳಿದ್ದಳು. ತ್ಸಗಾನ್ ಎರೆಗ್ ಎಂಬ ಅವರ ಊರಿನಿಂದ ಜಿಲ್ಲಾ ಕೇಂದ್ರ ಅರ್ಧ ದಿನದ ದಾರಿ. ನಡುವೆ ಬೆಟ್ಟ, ಹಿಮ, ಗಾಳಿ. ಊರಿನ ಆಸ್ಪತ್ರೆಯ ಜೀಪು ಬಿಡಿಭಾಗವಿಲ್ಲದೆ ಎರಡು ವರ್ಷದಿಂದ ಇಟ್ಟಿಗೆಯ ಮೇಲೆ ಕೂತಿತ್ತು. ಹಾಗಾಗಿ ಮಾವ ಕುದುರೆಗಳನ್ನು ಮಾರಿದರು. ತಮ್ಮ ಸವಾರಿಯ ಕಂದು ಕುದುರೆಯನ್ನೂ ಬಿಡಲಿಲ್ಲ. ಅಂಥ ಮಾವನ ಎದುರು ಸೊಸೆ ಎಷ್ಟೆಂದು ಬಾಯಿ ಮಾಡಿಯಾಳು?

ಆದರೂ ಅವಳಿಗೆ ಕಾರಿನ ವಿಷಯ ಅಷ್ಟಿಷ್ಟು ಗೊತ್ತಿತ್ತು. ಮದುವೆಗೆ ಮುಂಚೆ ನಗರದ ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿಯುತ್ತಿದ್ದವಳು. ಚಾಲಕರ ಹರಟೆಯಲ್ಲೇ ಅವಳ ಹರೆಯ ಕಳೆದಿತ್ತು. ಜಪಾನಿನಿಂದ ಬರುವ ಹಳೆಯ ಕಾರುಗಳಲ್ಲಿ ಓಡಿದ ಮೈಲಿಯ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿಟ್ಟವು ಯಾವುವು, ಗುದ್ದಿಸಿಕೊಂಡು ಬಣ್ಣ ಬಳಿದುಕೊಂಡವು ಯಾವುವು ಎಂದು ಅವರು ದಿನವಿಡೀ ಲೆಕ್ಕ ಹಾಕುತ್ತಿದ್ದರು. ಎಲ್ಲಕ್ಕಿಂತ ಕೆಟ್ಟದ್ದು ಮಂಜುಗಡ್ಡೆ ಒಡೆದು ನೀರಿಗೆ ಬಿದ್ದು ಮೇಲೆದ್ದ ಕಾರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಯೇ ಹೆದ್ದಾರಿಯಾಗುವ ದೇಶದಲ್ಲಿ ಅಂಥ ಕಾರುಗಳಿಗೆ ಬರವಿಲ್ಲ. ಒಣಗಿಸಿ, ತೊಳೆದು, ಒಳಗೆ ಸುವಾಸನೆ ಹೊಡೆದು ಮಾರುತ್ತಾರೆ. ಬೇಸಿಗೆಯೆಲ್ಲ ಬೆಣ್ಣೆಯಂತೆ ಓಡುತ್ತದೆ, ಸರಿಯಾದ ಚಳಿಯಲ್ಲಿ ಕೈಕೊಡುತ್ತದೆ.

ಸಂತೆಯಲ್ಲಿ ಬೆಳಗಿನಿಂದ ಸುತ್ತಿ ಸುತ್ತಿ ಸುಸ್ತಾಗಿದ್ದಾಗ ಒಂದು ಬಿಳಿ ಕಾರಿನ ಪಕ್ಕ ನಿಂತಿದ್ದ ಗಡ್ಡದವನು ಮಾವನ ಮುಖವನ್ನೇ ದಿಟ್ಟಿಸಿದ.

"ಲುವ್ಸಾನಣ್ಣ ಅಲ್ವಾ? ನಾನು ಚೋಯ್ಜಿಲ್. ಕುರಿ ಡಾಕ್ಟರ ಮಗ. ಗೊತ್ತಾಗ್ಲಿಲ್ವಾ?"

ಮುಗಿಯಿತು. ಮಾವನ ಮುಖ ಅರಳಿ ತಾವರೆಯಾಯಿತು. ಇಬ್ಬರೂ ಸೊಂಟದಿಂದ ನಶ್ಯದ ಬುಡ್ಡಿ ತೆಗೆದು, ಬಲಗೈಯಿಂದ ಬದಲಾಯಿಸಿಕೊಂಡು, ಮೂಸಿ, ಹಿಂದಕ್ಕೆ ಕೊಟ್ಟರು. ಸತ್ತ ಹಿರಿಯರನ್ನೂ ಬದುಕಿರುವ ಕುರಿಗಳನ್ನೂ ಒಂದೊಂದಾಗಿ ವಿಚಾರಿಸಿಕೊಂಡರು. ಆ ಊರ ಮಂದಿಗೆ ಹೊರಗೆ ಇನ್ನೊಬ್ಬ ಊರಿನವನು ಸಿಕ್ಕಿದರೆ ಬುದ್ಧಿಯನ್ನು ಬಿಚ್ಚಿ ಗೂಟಕ್ಕೆ ನೇತುಹಾಕಿಬಿಡುತ್ತಾರೆ. ಸೆಲೆಂಗೆ ಗಂಡನ ತೋಳು ಚಿವುಟಿದಳು. ಅವನು ಗಂಟಲು ಸರಿಮಾಡಿಕೊಂಡ.

"ಅಪ್ಪ, ನಂಬರು ತಗೊಂಡು ತಪಾಸಣೆ ಕೇಂದ್ರದಲ್ಲಿ ಒಂದ್ಸಲ..."

"ಏನಂದೆ?" ಮಾವ ತಿರುಗಿದರು. "ಊರಿನವನು ಎದುರಿಗೆ ನಿಂತಿದಾನೆ. ಅವರಪ್ಪ ನಮ್ಮ ಮಂದೆಗೆ ಔಷಧಿ ಹಾಕಿದೋನು. ಇವನ ಬೆನ್ನ ಹಿಂದೆ ಹೋಗಿ ಸರ್ಕಾರದೋರ ಹತ್ರ ಚಾಡಿ ಕೇಳ್ಕೊಂಡು ಬರೋದಾ? ಮಾನ ಇದೆಯೇನೋ ನಿಂಗೆ?"

"ಇಲ್ಲಪ್ಪ, ಸುಮ್ನೆ ಅಂದೆ," ಎಂದ ಮ್ಯಾಗ್ಮರ್. ಎದೆ ಮುಟ್ಟಿಕೊಂಡು.

ಚೋಯ್ಜಿಲ್ ಕಾರಿನತ್ತ ತಿರುಗಿದ. ಬಾಗಿಲು ತೆರೆದು ಪಕ್ಕಕ್ಕೆ ನಿಂತ. ಸೆಲೆಂಗೆ ಹಿಂದಿನ ಸೀಟಿನಲ್ಲಿ ಕೂತಳು. ಬಸುರಿ ಕೂತು ನೋಡುತ್ತಾಳೆ ಎಂದರೆ ಯಾರೂ ಬೇಡವೆನ್ನುವುದಿಲ್ಲ. ಕೂತವಳು ಸೀಟಿನ ಬೆಲ್ಟನ್ನು ಮೆಲ್ಲಗೆ ಎಳೆದಳು, ಇನ್ನೂ ಎಳೆದಳು, ಒಳಗಿನ ಸುರುಳಿ ಮುಗಿಯುವ ತನಕ ಎಳೆದಳು. ಕೊನೆಯ ಗೇಣಿನಲ್ಲಿ ನುಣ್ಣನೆಯ ಬೂದು ಪುಡಿ ಬೆರಳಿಗೆ ಅಂಟಿತು. ಬಸ್ ಚಾಲಕರು ಹೇಳುತ್ತಿದ್ದದ್ದು ಇದನ್ನೇ. ಕೆರೆಯ ತಳದ ಕೆಸರು ಒಣಗಿದರೆ ಹೀಗೇ ಇರುತ್ತದೆ.

"ಮಾವ, ಇಲ್ನೋಡಿ."

"ಧೂಳು," ಎಂದರು ಮಾವ. "ಗೋಬಿ ಮರಳುಗಾಡಿನ ದೇಶದಲ್ಲಿ ಧೂಳಿಲ್ಲದ ಕಾರು ಹುಡುಕ್ತೀಯಾ ತಾಯಿ?"

ಅವಳು ಇಳಿದು ನೇರವಾಗಿ ಚೋಯ್ಜಿಲ್‌ನ ಎದುರು ನಿಂತಳು. "ಅಣ್ಣ, ಈ ಕಾರು ಯಾವತ್ತಾದ್ರೂ ನೀರಿಗೆ..."

"ಸಾಕು!" ಮಾವ ಅವಳ ಮೇಲೆ ಎಂದೂ ದನಿ ಏರಿಸಿದವರಲ್ಲ. ಸುತ್ತಲಿನವರು ತಿರುಗಿ ನೋಡಿದರು. "ಹೊಟ್ಟೇಲಿ ಮಗು ಇಟ್ಕೊಂಡು, ಹೊಸ ವಾಹನದ ಎದುರು ನಿಂತು ಅಪಶಕುನ ಆಡ್ತೀಯಾ? ಆಡಿದ ಮಾತು ಮೇಲಿನೋನು ಕೇಳಿಸ್ಕೋತಾನೆ. ಬಾಯಿ ಮುಚ್ಚು!"

ಅವಳು ಬಾಯಿ ಮುಚ್ಚಿದಳು. ಈ ಜನಕ್ಕೆ ಕೆಡುಕಿಗಿಂತ ಕೆಡುಕಿನ ಹೆಸರು ಹೆಚ್ಚು ಭಯ. ಸಾವನ್ನು ಸಾವು ಎನ್ನುವುದಿಲ್ಲ, ದೇವರಾದ ಎನ್ನುತ್ತಾರೆ. ಹೊರಟವನಿಗೆ ಹುಷಾರು ಎನ್ನುವುದಿಲ್ಲ, ಬಿಳಿ ದಾರಿ ಸಿಗಲಿ ಎನ್ನುತ್ತಾರೆ. ನಗರದಲ್ಲಿ ಬೆಳೆದ ಸೆಲೆಂಗೆ ಇದನ್ನೆಲ್ಲ ನಗೆಯಾಡುತ್ತಿದ್ದವಳು. ಆದರೆ ಹೊಟ್ಟೆ ತುಂಬಿಕೊಂಡವಳಿಗೆ ನಂಬಿಕೆಯಿಲ್ಲದಿದ್ದರೂ ಹೆದರಿಕೆ ಇರುತ್ತದೆ. ಅವಳೂ ಹೆದರಿದಳು. ಅಷ್ಟೇ ಆದದ್ದು.

ವ್ಯಾಪಾರ ಕುದುರಿತು. ಕುದುರೆ ಮಾರುವವನು ಅದರ ಕತ್ತಿನ ನಾಲ್ಕು ಕೂದಲು ಕಿತ್ತು ಎದೆಯೊಳಗೆ ಇಟ್ಟುಕೊಳ್ಳುವುದು ವಾಡಿಕೆ. ಪ್ರಾಣಿ ಹೋದರೂ ಅದರ ಅದೃಷ್ಟ ಮನೆಯಲ್ಲೇ ಉಳಿಯಲಿ ಎಂದು. ಕಾರು ಮಾರುವವರೂ ಸ್ಟೀರಿಂಗನ್ನು ತೋಳಿನಿಂದ ಒರೆಸಿಕೊಳ್ಳುತ್ತಾರೆ, ಕನ್ನಡಿಗೆ ಕಟ್ಟಿದ ನೀಲಿ ರೇಷ್ಮೆಯನ್ನು ಬಿಚ್ಚಿಕೊಳ್ಳುತ್ತಾರೆ. ಚೋಯ್ಜಿಲ್ ಏನನ್ನೂ ಮುಟ್ಟಲಿಲ್ಲ. ಕೀಲಿ ಕೊಟ್ಟವನು ಎರಡು ಹೆಜ್ಜೆ ಹಿಂದೆ ಸರಿದ.

"ನೋಡಿದ್ರಾ? ಅದೃಷ್ಟನೂ ಸೇರಿಸಿ ಕೊಟ್ಟುಬಿಟ್ಟ. ಊರಿನೋನು ಅಂದ್ರೆ ಹೀಗಿರಬೇಕು," ಎಂದು ಮಾವ ದಾರಿಯುದ್ದಕ್ಕೂ ಹಿಗ್ಗಿದರು. ಸೆಲೆಂಗೆ ಹಿಂದೆ ಕೂತು ಕಿಟಕಿಯಾಚೆ ನೋಡಿದಳು. ಅದೃಷ್ಟವನ್ನು ಪುಕ್ಕಟೆ ಕೊಡುವವನು ಒಂದೋ ಸಂತ, ಇಲ್ಲವೇ ಆ ವಸ್ತು ತೊಲಗಿದರೆ ಸಾಕೆಂದು ಕಾದವನು. ಸಂತೆಯಲ್ಲಿ ಸಂತರು ಎಷ್ಟು ಜನ ಇರುತ್ತಾರೆ?

ಶರತ್ಕಾಲವೆಲ್ಲ ಕಾರು ಸೊಗಸಾಗಿ ಓಡಿತು. ಮ್ಯಾಗ್ಮರ್ ಅದನ್ನು ತೊಳೆದು ತೊಳೆದು ಹೆಂಡತಿಯನ್ನು ರೇಗಿಸುತ್ತಿದ್ದ. "ನಿನ್ನ ಕೆಸರು ಕಾರು ಹೆಂಗಿದೆ ನೋಡೇ, ನಿನಗಿಂತ ಚೆನ್ನಾಗಿ ಮಾತು ಕೇಳುತ್ತೆ." ಅವಳಿಗೂ ನಗು ಬರುತ್ತಿತ್ತು. ತನ್ನದೇ ಅತಿಯಾಯಿತೇನೋ ಎಂದುಕೊಂಡಳು. ಹಾಗೆಂದುಕೊಳ್ಳಲು ಅವಳಿಗೆ ಆಸೆಯೂ ಇತ್ತು.

ನಡು ಚಳಿಗಾಲದಲ್ಲಿ, ದಿನ ತುಂಬುವ ಮೊದಲೇ, ಒಂದು ಬೆಳಿಗ್ಗೆ ನೋವು ಕಾಣಿಸಿತು. ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಗಟ್ಟಿಯಾಗುವ ಚಳಿ. ಎಂಜಿನ್ನಿನ ಕೆಳಗೆ ಬೆಂಕಿ ಹಿಡಿದು ಕಾರನ್ನು ಎಬ್ಬಿಸಿದರು. ಮಾವ ಚಕ್ರಗಳಿಗೆ ಹಾಲು ಚಿಮುಕಿಸಿ ಮುಂದೆ ಹತ್ತಿದರು, ಸೆಲೆಂಗೆ ಹಿಂದೆ ಮಲಗಿದಳು.

ಮಧ್ಯಾಹ್ನದ ಹೊತ್ತಿಗೆ, ಬೆಟ್ಟ ದಾಟಿ ಬಯಲಿಗೆ ಇಳಿದಾಗ, ಕಾರಿನ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಒಮ್ಮೆಲೇ ಹೊತ್ತಿಕೊಂಡವು. ಆಮೇಲೆ ಒಮ್ಮೆಲೇ ಆರಿದವು. ಕಾರು ತನ್ನಷ್ಟಕ್ಕೆ ಸ್ವಲ್ಪ ದೂರ ಉರುಳಿ ನಿಂತಿತು. ಮ್ಯಾಗ್ಮರ್ ಕೀಲಿ ತಿರುಗಿಸಿದ. ಏನೂ ಇಲ್ಲ, ಟಿಕ್ಕೆನ್ನುವ ಸದ್ದೂ ಇಲ್ಲ. ಇಳಿದು ಬಾನೆಟ್ ಎತ್ತಿದ. ಒಳಗಿನ ಪೆಟ್ಟಿಗೆಯೊಂದನ್ನು ಚಾಕುವಿನಿಂದ ಮೀಟಿ ತೆಗೆದ. ತಂತಿಗಳ ತುದಿಗಳೆಲ್ಲ ಹಸಿರು ಕಿಲುಬು ಹಿಡಿದು ಮುಟ್ಟಿದರೆ ಉದುರುತ್ತಿದ್ದವು. ಮಾವನೂ ಬಂದು ನೋಡಿದರು. ಅಪ್ಪ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಫೋನಿಗೆ ಸಿಗ್ನಲ್ ಇರಲಿಲ್ಲ, ಆ ಬಯಲಿನಲ್ಲಿ ಯಾವತ್ತೂ ಇರುವುದಿಲ್ಲ. ದಾರಿಯಲ್ಲಿ ಗಾಡಿ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಮ್ಯಾಗ್ಮರ್ ಹಿಂದಿನ ಬಾಗಿಲು ತೆರೆದು ಬಗ್ಗಿದ. ಅವನ ರೆಪ್ಪೆಯ ಮೇಲೆ ಆಗಲೇ ಹಿಮ ಕೂತಿತ್ತು. "ಆ ದಿಬ್ಬದಾಚೆ ಕುರಿ ಕಾಯೋ ದರಿ ಮನೆಯೋರ ಚಳಿಗಾಲದ ಬಿಡಾರ ಇದೆ. ಅವರ ಹತ್ರ ಟ್ರಕ್ ಇದೆ. ಹೋಗಿ ಬಂದುಬಿಡ್ತೀನಿ."

"ಹೋಗ್ಬೇಡ," ಎಂದಳು ಸೆಲೆಂಗೆ. "ಯಾರಾದ್ರೂ ಬರ್ತಾರೆ. ಒಟ್ಟಿಗೇ ಇರೋಣ."

"ಬರದಿದ್ರೆ? ನಿನ್ನ ಮಾತು ಆವತ್ತೇ ಕೇಳಬೇಕಿತ್ತು ಕಣೇ. ಇವತ್ತೊಂದು ದಿನ ನನ್ನ ಮಾತು ಕೇಳು. ಅಲ್ಲಿ ಚಹಾ ಕುದೀತಾ ಇರುತ್ತೆ, ಒಂದು ಬಟ್ಟಲು ಕುಡಿದೇ ಬರೋನು ನಾನು, ಆಮೇಲೆ ತಡ ಆಯ್ತು ಅಂತ ಬೈಬೇಡ."

ಅವಳಿಗೆ ಹುಷಾರು ಎನ್ನಬೇಕೆನಿಸಿತು. ಅನ್ನಲಿಲ್ಲ. "ಬಿಳಿ ದಾರಿ ಸಿಗಲಿ," ಎಂದಳು.

ಆಮೇಲಿನದನ್ನು ಅವಳು ನೋವಿನ ನಡುನಡುವೆ ಕಂಡದ್ದು. ಮಾವ ಹೆಚ್ಚುವರಿ ಚಕ್ರವನ್ನು ಸುಟ್ಟರು. ಅದು ಮುಗಿದ ಮೇಲೆ ಮುಂದಿನ ಸೀಟುಗಳನ್ನು ಕಿತ್ತು ಸುಟ್ಟರು. ಕಪ್ಪು ಹೊಗೆ ನೆಟ್ಟಗೆ ಆಕಾಶಕ್ಕೆ ಏರುತ್ತಿತ್ತು. ತಮ್ಮ ಕುರಿಚರ್ಮದ ನಿಲುವಂಗಿಯನ್ನು ಬಿಚ್ಚಿ ಅವಳಿಗೆ ಹೊದಿಸಿ, ಬರೀ ಅಂಗಿಯಲ್ಲಿ ಬೆಂಕಿಗೂ ಕಾರಿಗೂ ಓಡಾಡಿದರು. ಸೊಸೆಯ ಹೆರಿಗೆಯನ್ನು ಮಾವ ನೋಡುವುದುಂಟೇ? ನೋಡಿದರು, ಕೈಯನ್ನೂ ಕೊಟ್ಟರು. ಕುರಿ ಈಯಿಸಿದ ಕೈ ಅದು. ರಕ್ತ ನಿಲ್ಲದೆ ಹೋಗುತ್ತಿತ್ತು. ಹೆಣ್ಣು ಮಗು, ಅತ್ತಿತು. ಅದನ್ನು ಬರಿ ಎದೆಗೆ ಅವಚಿಕೊಂಡು ಮಾವ ಬಾಯಿಗೆ ಬಂದ ಶುಭದ ಮಾತನ್ನೆಲ್ಲ ಆಡಿದರು. ಗಟ್ಟಿಯಾಗಿ ಆಡುತ್ತಲೇ ಇದ್ದರು. ಸಂಜೆಯಾಗುತ್ತಿದ್ದಂತೆ ಹೊಗೆ ಕಂಡು ಕಲ್ಲಿದ್ದಲಿನ ಲಾರಿಯೊಂದು ದಾರಿ ಬಿಟ್ಟು ಇತ್ತ ತಿರುಗಿತು.

ತಾಯಿ ಉಳಿದಳು, ಮಗುವೂ ಉಳಿಯಿತು. ಚಳಿಗೆ ಕಪ್ಪಾದ ಮಾವನ ಎಡಗೈ ಬೆರಳುಗಳನ್ನು ಆಸ್ಪತ್ರೆಯಲ್ಲಿ ತೆಗೆದರು.

ಮ್ಯಾಗ್ಮರ್‌ನನ್ನು ಮರುದಿನ ಕುದುರೆ ಸವಾರರು ಹುಡುಕಿ ತಂದರು. ಆ ವರ್ಷ ದಿಬ್ಬದಾಚೆ ಹುಲ್ಲಿರಲಿಲ್ಲ, ದರಿಯವರು ಬಿಡಾರ ಕಿತ್ತು ಬೇರೆ ಕಣಿವೆಗೆ ಹೋಗಿದ್ದರು. ಅಲ್ಲಿದ್ದದ್ದು ಕಲ್ಲಿನ ಖಾಲಿ ದೊಡ್ಡಿ. ಅಲ್ಲಿಯ ತನಕ ಹೋಗಿದ್ದ. ಹಿಂದಿರುಗಿ ಕಾರಿನ ಕಡೆಗೇ ಅರ್ಧ ದಾರಿ ಬಂದು ಹಿಮದಲ್ಲೇ ದೇವರಾಗಿದ್ದ.

ತಿಂಗಳು ಕಳೆಯುವ ಮೊದಲು ಚೋಯ್ಜಿಲ್ ಬಂದ. ಸುದ್ದಿ ಕೇಳಿದ ಊರಿನವನು ಬರದೆ ಇರುವಂತಿಲ್ಲ. ಅಕ್ಕಿ, ಒಣಗಿದ ಗಿಣ್ಣು, ಚಹಾದ ಗಟ್ಟಿ ತಂದಿದ್ದ. ಮನೆಯ ಗುಡಾರದಲ್ಲಿ ಪಶ್ಚಿಮಕ್ಕೆ, ಅತಿಥಿಗಳ ಜಾಗದಲ್ಲಿ ಕೂತು ಕೊಟ್ಟ ಚಹಾವನ್ನು ತುಟಿಗೆ ಮುಟ್ಟಿಸಿ ಕೆಳಗಿಟ್ಟ. ಮಾವ ತಲೆ ತಗ್ಗಿಸಿ ಕೂತಿದ್ದರು. ಸೆಲೆಂಗೆ ಮಗುವಿಗೆ ಹಾಲು ಕೊಡುತ್ತಿದ್ದಳು. ಇಷ್ಟು ದಿನ ಅವಳು ಈ ಮನುಷ್ಯನಿಗೋಸ್ಕರವೇ ಕಾದಿದ್ದಳು. ಅವನಿಗೆ ಹಾಕಬೇಕಾದ ಶಾಪಗಳನ್ನು ಒಂದೊಂದಾಗಿ ಹೊಸೆದು ಇಟ್ಟಿದ್ದಳು.

"ಆ ಕಾರು ನೀರಿಗೆ ಬಿದ್ದಿತ್ತಾ?" ಎಂದಳು. ಈ ಸಲ ಪೂರ್ತಿ ಕೇಳಿದಳು.

ಚೋಯ್ಜಿಲ್ ತಕ್ಷಣ ಉತ್ತರ ಕೊಟ್ಟ. "ಬಿದ್ದಿತ್ತಮ್ಮ. ಕೆರೆ ದಾಟೋವಾಗ. ನನ್ನ ತಮ್ಮನೂ ಅವನ ಹೆಂಡ್ತಿನೂ ಒಳಗಿದ್ರು. ತಪಾಸಣೆಯೋರಿಗೂ ಗೊತ್ತು, ಅವರ ಹತ್ರ ಎಲ್ಲಾ ಇದೆ."

"ಹೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ? ಹಾಳಾದೋನೇ, ನನ್ನ ಹೊಟ್ಟೆ ಕಾಣ್ತಾ ಇರ್ಲಿಲ್ವಾ?"

"ನಾನಾಗೇ ಹೇಗಮ್ಮ ಆ ಮಾತು ಆಡ್ಲಿ? ಮಾರೋನು, ಬಸುರಿ ಎದುರು, ಇದರಲ್ಲಿ ಇಬ್ಬರು ಹೋದ್ರು ಅಂತ?" ಅವನು ಚಹಾದ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ಕೇಳಿದ್ರೆ ಹೇಳ್ಬಿಡೋಣ ಅಂತಲೇ ಇದ್ದೆ. ಸುಳ್ಳು ಹೇಳೋನಲ್ಲ ನಾನು. ನೀನು ಬಾಯಿ ತೆರೆದಾಗ, ದೇವರಾಣೆ, ಎದೆ ಹಗುರ ಆಯ್ತು. ಆದ್ರೆ..."

ಅವನ ಕಣ್ಣು ಮಾವನ ಕಡೆ ಹೋಗಿ ಹಿಂದಕ್ಕೆ ಬಂತು. ಹಿರಿಯರಿಗೆ ಬೆರಳು ತೋರಿಸುವಷ್ಟು ಕೆಟ್ಟವನಲ್ಲ ಅವನು.

ಅವನು ಪಕ್ಕಾ ಕಳ್ಳನಾಗಿದ್ದರೆ ಸೆಲೆಂಗೆ ಶಪಿಸಿ ಹಗುರಾಗುತ್ತಿದ್ದಳು. ಅದೂ ಅವಳ ಪಾಲಿಗಿಲ್ಲ. ಮಾವನನ್ನು ಶಪಿಸೋಣವೆಂದರೆ ಮೈಮೇಲಿನ ನಿಲುವಂಗಿ ಬಿಚ್ಚಿ ಹೊದಿಸಿದವರು ಅವರೇ, ಅವಳ ಮಗುವನ್ನು ಭೂಮಿಗೆ ಇಳಿಸಿಕೊಂಡ ಕೈ ಅವರದೇ. ಹೊಟ್ಟೆಯೊಳಗೆ ಕಟ್ಟಿಟ್ಟಿದ್ದ ಸಿಟ್ಟಿಗೆ ಹೋಗಲು ಜಾಗವೇ ಇರಲಿಲ್ಲ. ಒಂದು ಮಾತು, ಪೂರ್ತಿ ಒಂದು ಮಾತೂ ಅಲ್ಲ, ಅರ್ಧ. ಅದನ್ನು ಸಂತೆಯಲ್ಲಿ ತಾನೇ ನುಂಗಿಕೊಂಡಿದ್ದಳು.

ಮಾವ ತಲೆ ಎತ್ತದೆಯೇ ಮಾತಾಡಿದರು.

"ಕೇಳು ಮಗಳೇ. ಇನ್ನೇನಾದ್ರೂ ಕೇಳೋದಿದ್ರೆ ಕೇಳ್ಬಿಡು. ನಾನು ಬೇಡ ಅನ್ನಲ್ಲ."

ಸೆಲೆಂಗೆ ಮಗುವನ್ನು ಇನ್ನೊಂದು ಎದೆಗೆ ಬದಲಾಯಿಸಿಕೊಂಡಳು. ಅವಳಿಗೆ ಕೇಳುವುದು ಏನೂ ಉಳಿದಿರಲಿಲ್ಲ.